ಹುಡುಗರು ಈಜುವ ಕಡೆಯ ನೀರು

ಪರಮಣ್ಣನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವನ ಬೈಗುಳ. ೧೯೭೮ರ ಜನವರಿ. ಮಾನ್ವಿಯ ನಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ. ಊರಂಚಿನ ಗುಂಡಗೆರೆಗೆ ಆಗ ಕಾಲಿನಿಂದ ತುಳಿಯುವ ದೋಣಿಗಳು ಬಂದಿದ್ದವು. ಮಕ್ಕಳು ದೋಣಿಕಟ್ಟೆಯ ಮೆಟ್ಟಿಲಿಳಿದು ಮುಖ ತೊಳೆಯಲು ಬಾಗಿದ್ದರಷ್ಟೆ. ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಿಂತಿದ್ದ ತರುಣನೊಬ್ಬ ಅಲ್ಲಿಂದಲೇ ಕೂಗಿದ.

“ಏ ಮಾಸ್ತರ್ರ! ಹುಡುಗರನ್ನ ಮ್ಯಾಲಕ್ಕ ಕರೀರಿ. ಗಟಾರದಾಗ ಮಾರಿ ತೊಳಸ್ತೀರೇನು?”

ನನಗೂ ಸಿಟ್ಟು ಬಂತು. “ಯಾರಪ್ಪಾ ನೀ, ಇಷ್ಟು ಜೋರು ಮಾಡಾಂವ?”

“ನೀರು ಪರೀಕ್ಷಾ ಮಾಡಾಂವ ರೀ. ಮೊದಲ ಮೂಸಿ ನೋಡ್ರಿ, ಆಮ್ಯಾಲೆ ಬೈರಿ.”

ಬೊಗಸೆಯಲ್ಲಿ ಎತ್ತಿ ಮೂಸಿದೆ. ಹಳಸಿದ ಅನ್ನದ ವಾಸನೆ, ಅದರಡಿಯಲ್ಲಿ ಇನ್ನೂ ಹೇಸಿಗೆಯದೊಂದು. ಮಕ್ಕಳನ್ನು ಮೇಲೆ ಕರೆದೆ. ಆಮೇಲೆ ದಂಡೆಯ ಚಹಾದಂಗಡಿಯಲ್ಲಿ ಕುಳಿತಾಗ ಅವನು ಎಲ್ಲವನ್ನೂ ಹೇಳಿದ. ಚಂದ್ರಬಂಡದ ಕುರಿಗಾರರ ಮನೆಯವನು; ಬಿ.ಎಸ್ಸಿ. ಮುಗಿಸಿ ನೀರಿನ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಯುಗಾದಿಯ ನಂತರ ಆ ಕೆರೆಯಲ್ಲಿ ಮಕ್ಕಳ ಈಜಿನ ಶಿಬಿರ ನಡೆಯಬೇಕಿತ್ತು. ಅದಕ್ಕೆ ನೀರು ಯೋಗ್ಯವೇ ಎಂದು ಹೇಳುವ ಹೊಣೆ ಅವನದಾಗಿತ್ತು.

ಹಿಂದಿನ ವರ್ಷಗಳಲ್ಲೆಲ್ಲ ಯೋಗ್ಯವೆಂದೇ ವರದಿಯಾಗಿತ್ತು. ಅದಕ್ಕೊಂದು ಕಾರಣವಿತ್ತು. ಕೆರೆಯ ಈಶಾನ್ಯದ ಮೂಲೆಯಲ್ಲಿ ಗಂಗಮ್ಮನ ಮೆಟ್ಟಿಲು. ಅಲ್ಲಿ ಸಣ್ಣದೊಂದು ಸೆಲೆ ಉಕ್ಕುತ್ತಿತ್ತು. ಪೂಜೆಗೆ ನೀರು ತುಂಬುವುದು ಅಲ್ಲಿಯೇ, ಬೇರೆ ಕಡೆ ಕೊಡ ಮುಳುಗಿಸಿದರೆ ಗಂಗೆಗೆ ಮೈಲಿಗೆಯೆಂಬ ನಂಬಿಕೆ. ಪರೀಕ್ಷೆಯ ಬಾಟಲಿಯನ್ನೂ ಜನ ಭಕ್ತಿಯಿಂದ ಅಲ್ಲಿಯೇ ತುಂಬಿ ಕೊಡುತ್ತಿದ್ದರು. ಮಕ್ಕಳು ಈಜುತ್ತಿದ್ದುದು ಮಾತ್ರ ಎದುರು ದಂಡೆಯ ದೋಣಿಕಟ್ಟೆಯ ಬಳಿ, ಅಕ್ಕಿ ಗಿರಣಿಯ ಗಟಾರ ಬಂದು ಸೇರುವ ಜಾಗದಲ್ಲಿ. ಭತ್ತ ನೆನೆಸಿದ ನೀರು, ಕೂಲಿಯವರ ಪಾಯಿಖಾನೆಯ ನೀರು ಎರಡೂ ಆ ಗಟಾರದಲ್ಲೇ ಹರಿಯುತ್ತಿದ್ದವು.

ನಾವು ಮಾತಾಡುತ್ತಿರುವಾಗಲೇ ಗಿರಣಿಯ ಯಜಮಾನರು, ದೊಡ್ಡಪ್ಪ ಎಂಬ ಹೆಸರಿನವರು, ಬಂದರು. ದೋಣಿಗಳನ್ನೂ ಈಜಿನ ಶಿಬಿರವನ್ನೂ ನಡೆಸುವ ಜಲವಿಹಾರ ಸಮಿತಿಯ ಅಧ್ಯಕ್ಷರೂ ಅವರೇ. ಹಣೆತುಂಬ ವಿಭೂತಿ. ಕೆಟ್ಟ ಮನುಷ್ಯರಲ್ಲ, ಅದೇ ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

“ಗಂಗಮ್ಮನ ಮೆಟ್ಟಲಾ ಬಿಟ್ಟು ದೋಣಿ ಕಡಿ ಬಾಟ್ಲಿ ಯಾಕ ಅದ್ದಿದಿ? ಯಾರ ಮಗ ನೀ?”

“ಕುರಿ ಕಾಯೋರ ಮಗ ರೀ ಯಪ್ಪಾ. ನಮ್ಮ ಕುರಿ ಈ ನೀರು ಮೂಸಿ ಹಿಂದಕ್ಕ ಸರೀತಾವ. ನೀವು ಊರ ಹುಡುಗರನ್ನ ಇಳಸಾಕತ್ತೀರಿ.”

“ಗಂಗಿ ತಾಯಿ ಅದಾಳ. ತಾಯಿ ಮಕ್ಕಳಿಗೆ ಕೇಡು ಮಾಡ್ತಾಳೇನಲೇ?”

“ತಾಯಿ ಮಾಡಂಗಿಲ್ಲ. ತಾಯಿ ಮಾರಿಗೆ ಗಟಾರ ಬಿಟ್ಟೋರು ಮಾಡ್ತಾರ.”

ಪರೀಕ್ಷೆ ಮಾಡಿದಾಗ ದೋಣಿಕಟ್ಟೆಯ ನೀರಿನಲ್ಲಿ ನಿರೀಕ್ಷಿಸಿದಂತೆಯೇ ಮಲದ ರೋಗಾಣುಗಳು ಕಂಡವು. ಗಂಗಮ್ಮನ ಮೆಟ್ಟಿಲ ನೀರು ಸ್ವಚ್ಛವಾಗಿತ್ತು. ಪ್ರಯೋಗಾಲಯದ ಹಿರಿಯರಾದ ವೆಂಕೋಬ ಅವರು ನಿವೃತ್ತಿಗೆ ಹತ್ತಿರವಾಗಿದ್ದವರು, ಜಗಳ ಬೇಡದವರು. “ಎರಡೂ ಕಡಿ ಲೆಕ್ಕಾ ಕೂಡಿಸಿ ಸರಾಸರಿ ಬರೀಯಪ್ಪಾ” ಎಂದರಂತೆ. “ಸರಾಸರಿ ಹುಡುಗ ಎಲ್ಲಿ ಈಜ್ತಾನ ರೀ ಸರ? ತೋರಸ್ರಿ, ಅಲ್ಲೇ ಬಾಟ್ಲಿ ಅದ್ದತೀನಿ” ಎಂದು ಇವನು ಬಾಗಿಲು ಬಡಿದು ಹೊರಬಂದ. ಅಯೋಗ್ಯವೆಂದೇ ವರದಿ ಬರೆದ. ಕೆಲವೇ ದಿನಗಳಲ್ಲಿ ದೇವದುರ್ಗಕ್ಕೆ ವರ್ಗವಾಯಿತು. ಸಮಿತಿಯವರು ಹಳೆಯ ವರದಿಯನ್ನು ಮುಂದಿಟ್ಟುಕೊಂಡು ಶಿಬಿರದ ದಿನ ಗೊತ್ತುಮಾಡಿದರು.

ಆ ದಿನ ಅವನು ರಜೆ ಹಾಕಿ ಬಂದ. ನನ್ನನ್ನೂ ಬರಹೇಳಿದ್ದ. ಗಂಗಾಪೂಜೆ ಮುಗಿದಿತ್ತು. ಚಡ್ಡಿ ತೊಟ್ಟ ಮಕ್ಕಳು ದೋಣಿಕಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ದೊಡ್ಡಪ್ಪನವರು ತೀರ್ಥ ಹಂಚುತ್ತಿದ್ದರು. ಪರಮಣ್ಣ ಮಕ್ಕಳ ಪಕ್ಕದಲ್ಲೇ ನೀರಿಗಿಳಿದು, ತಂಬಿಗೆಯೊಂದನ್ನು ತುಂಬಿಕೊಂಡು ನೆಟ್ಟಗೆ ಅವರ ಮುಂದೆ ಬಂದು ನಿಂತ.

“ಗಂಗಿ ಆ ಮೂಲ್ಯಾಗೊಬ್ಬಾಕಿ, ಈ ಮೂಲ್ಯಾಗೊಬ್ಬಾಕಿ ಇಲ್ಲಲ್ರೀ ಯಪ್ಪಾ? ಇದೂ ತೀರ್ಥನ. ತಗೋರಿ.”

ತೀರ್ಥವನ್ನು ಬೇಡವೆನ್ನುವ ಮನೆತನವಲ್ಲ ಅದು. ದೊಡ್ಡಪ್ಪನವರು ಅಭ್ಯಾಸದಂತೆ ಬಲಗೈ ಒಡ್ಡಿದರು. ಅಂಗೈಗೆ ನೀರು ಬಿತ್ತು. ಕೈ ಬಾಯಿಯ ಹತ್ತಿರ ಬಂದು ಅಲ್ಲಿಯೇ ನಿಂತಿತು. ವಾಸನೆಗೆ ಮುಖ ಕಿವುಚಿಕೊಂಡಿತು. ಜನವೆಲ್ಲ ನೋಡುತ್ತಿತ್ತು. ಕೊನೆಗೆ ಅವರು ನೀರನ್ನು ನೆಲಕ್ಕೆ ಬಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

“ನಿಮಗ ಬ್ಯಾಡಾದದ್ದು ಇವರ ಹೊಟ್ಟಿಗೆ ಹೋಗಬೇಕೇನು?” ಎಂದು ಪರಮಣ್ಣ ಗುಡುಗಿದ.

ಬಸವಂತಮ್ಮ ಎಂಬ ಹೆಣ್ಣುಮಗಳು ಗುಂಪಿನಿಂದ ನುಗ್ಗಿ ಬಂದು ಮಗನ ರಟ್ಟೆ ಹಿಡಿದಳು. “ನಡೀ ಮನಿಗೆ. ಯಜಮಾನ್ರು ಮೊದಲ ಈಜಲಿ!” ಯಾರೋ ನಕ್ಕರು. ಒಬ್ಬೊಬ್ಬರಾಗಿ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೊರಟರು. ಶಿಬಿರ ನಡೆಯಲಿಲ್ಲ.

ಇಷ್ಟಕ್ಕೇ ಕತೆ ಮುಗಿದಿದ್ದರೆ ನನಗೆ ಇಷ್ಟು ಕಹಿ ಉಳಿಯುತ್ತಿರಲಿಲ್ಲ. ಗಟಾರವನ್ನು ಬೇರೆ ಕಡೆಗೆ ತಿರುಗಿಸಲು ಇನ್ನೂ ನಾಲ್ಕು ಬೇಸಿಗೆ ಹಿಡಿಯಿತು. ತಿರುಗಿಸಿದ ದಿನ ದೊಡ್ಡಪ್ಪನವರಿಗೆ ಶಾಲು ಹೊದಿಸಿದರು. ಪರಮಣ್ಣನ ವರ್ಗಾವಣೆ ಮಾತ್ರ ರದ್ದಾಗಲಿಲ್ಲ. “ಸಿಟ್ಟಿನ ಮನುಷ್ಯ” ಎಂಬ ಹೆಸರು ಅವನಿಗಿಂತ ಮೊದಲೇ ದೇವದುರ್ಗವನ್ನು ತಲುಪಿತ್ತು. ಹೊಲಸು ಬಿಟ್ಟವರಿಗೆ ಶಾಂತಸ್ವಭಾವದವರೆಂಬ ಕೀರ್ತಿ, ಹೊಲಸೆಂದು ಹೇಳಿದವನಿಗೆ ಸಿಡುಕನೆಂಬ ಅಪಕೀರ್ತಿ! ಮೂವತ್ತು ವರ್ಷ ಮಕ್ಕಳಿಗೆ ತಾಳ್ಮೆಯ ಪಾಠ ಹೇಳಿದವನು ನಾನು. ಈ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆಯಿಲ್ಲ.

ಈಗ, ೧೯೮೮ರಲ್ಲಿಯೂ, ಅವನು ದೇವದುರ್ಗದಲ್ಲಿಯೇ ಇದ್ದಾನೆ. ಸುತ್ತಲ ಹಳ್ಳಿಗಳ ಕೆರೆ ಬಾವಿಗಳ ನೀರು ನೋಡುವುದೇ ಕೆಲಸ. ಮೊನ್ನೆ ಮಸರಕಲ್ಲಿಗೆ ಅವನ ಜೊತೆ ಹೋಗಿದ್ದೆ. ಊರಿನ ಹಿರಿಯರು ಕೆರೆಯ ಪೂಜೆಯ ಮೆಟ್ಟಿಲು ತೋರಿಸಿ, “ಇಲ್ಲಿ ತುಂಬ್ರಿ ಸಾಹೇಬ್ರ, ನೀರು ತಿಳಿ ಅದ” ಎಂದರು. ಅವನು ಅವರಿಗೆ ಕೈಮುಗಿದ. ಬೇಲಿಯ ಹತ್ತಿರ ಆಡುತ್ತಿದ್ದ ಹುಡುಗರ ಕಡೆ ತಿರುಗಿ ಕೂಗಿದ:

“ಏ, ನೀವು ಎಲ್ಲಿ ಜಿಗೀತೀರಲೇ? ತೋರಸ್ರಿ.”

ಹುಡುಗರು ಓಡಿದರು. ಅವನು ಪ್ಯಾಂಟು ಮಡಚಿ, ಬಾಟಲಿ ಹಿಡಿದು ಅವರ ಹಿಂದೆ ನೀರಿಗಿಳಿದ.