ಐದ್‌ಗುಂಡಮ್ಮನೂ ಮರಿಬಸಪ್ಪನ ಕೋಳಿಗರಿಯೂ

ಬಳ್ಳಾರಿಯ ಕೋಟೆಗುಡ್ಡ ಬಹಳ ಶೂರರನ್ನು ಕಂಡಿದೆ. ಕತ್ತಿ ಹಿಡಿದವರು ಬಂದರು, ಫಿರಂಗಿ ಎಳೆದುಕೊಂಡವರು ಬಂದರು, ಹೆಲಿಕಾಪ್ಟರಿನಿಂದ ಇಳಿದವರೂ ಬಂದು ಹೋದರು. ಆದರೆ ಕಿವಿಯ ಮೇಲೆ ಕೋಳಿಗರಿ ಸಿಕ್ಕಿಸಿಕೊಂಡು ಬಂದ ಶೂರ ಒಬ್ಬನೇ. ಅವನೇ ಬಾದನಹಟ್ಟಿಯ ಮರಿಬಸಪ್ಪ, ಊರ ನಡುವಿನ ಒಂದು ಚಿನ್ನದ ಸಾಲದ ಕಚೇರಿಯ ಗನ್‌ಮ್ಯಾನ್.

ಗರಿ ಬಲಗಿವಿಯ ಮೇಲೆ, ಹೊಲಿಗೆ ಮಿಷಿನ್ನಿಗೆ ಹಾಕುವ ಎಣ್ಣೆಯ ಪುಟ್ಟ ಬಾಟಲಿ ಅಂಗಿಯ ಜೇಬಿನಲ್ಲಿ. ಕಿರ್ ಎಂದ ಕಬ್ಬಿಣಕ್ಕೆ ಗರಿಯಿಂದ ಎಣ್ಣೆ ಸವರದೆ ಅವನು ಬಿಟ್ಟವನಲ್ಲ. ಕುರುಗೋಡಿಗೆ ಹೋಗುವ ಬಸ್ಸಿನ ಬಾಗಿಲು ಅವನನ್ನು ಕಂಡೊಡನೆ ತಾನಾಗಿಯೇ ಬಾಯಿ ಮುಚ್ಚುತ್ತಿತ್ತಂತೆ. ಕಚೇರಿಯ ಶಟರ್ ಎಷ್ಟು ಮೃದುವಾಯಿತೆಂದರೆ, ಸಂಜೆ ಮುಚ್ಚಿದ್ದೇ ತಿಳಿಯದೆ ಒಬ್ಬ ಗಿರಾಕಿ ಒಳಗೇ ಕುಳಿತಿದ್ದನಂತೆ. ಯಾರನ್ನೋ ನೋಡಲು ಆಸ್ಪತ್ರೆಗೆ ಹೋದವನು ಸ್ಟ್ರೆಚರಿನ ಗಾಲಿಗೆ ಗರಿ ಆಡಿಸಿದ. ಅದು ರೋಗಿಯ ಸಮೇತ ಇಳಿಜಾರಿನಲ್ಲಿ ಹೊರಟು ಎದುರಿನ ಔಷಧಿ ಅಂಗಡಿಯ ಮುಂದೆ ನಿಂತಿತಂತೆ. ಸುಳ್ಳಿರಬಹುದು. ಆದರೆ ಮನುಷ್ಯನ ಮೇಲೆ ಸುಳ್ಳು ಹುಟ್ಟಬೇಕಾದರೂ ಒಂದು ಯೋಗ್ಯತೆ ಬೇಕು.

ಇಷ್ಟು ಎಣ್ಣೆ ಕುಡಿದ ಕಬ್ಬಿಣಗಳಲ್ಲಿ ಪಟ್ಟದ ರಾಣಿಯೆಂದರೆ ಅವನ ಬಂದೂಕು. ಅಜ್ಜ ದುರುಗಪ್ಪ ಅದನ್ನು ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿ ಸಾಹುಕಾರನಿಂದ ತಂದದ್ದು, ಭತ್ತದ ಗದ್ದೆಗೆ ನುಗ್ಗುವ ಹಂದಿಗಳಿಗಾಗಿ. ಪರದೇಶದ ಮಾಲು. ಐದು ತೋಟಾ ತುಂಬಿದರೆ ಸಾಕು, ಒಂದು ಹಾರಿದ ಕೂಡಲೇ ಖಾಲಿ ತೋಟಾವನ್ನು ತಾನೇ ಉಗುಳಿ, ಮುಂದಿನದನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತದೆ. ಟ್ರಿಗರ್ ಒತ್ತುವುದಷ್ಟೇ ಮನುಷ್ಯನ ಪಾಲು. ಊರವರು ಅದಕ್ಕೆ ಐದ್‌ಗುಂಡಮ್ಮ ಎಂದು ಹೆಸರಿಟ್ಟು ಕೈ ಮುಗಿದರು.

ಇದು ಶಾಸ್ತ್ರ. ಆಚರಣೆಯಲ್ಲಿ ಮೊದಲನೆಯದು ಢಂ, ಎರಡನೆಯದು ಅವಳಿಗೆ ಮನಸ್ಸಿದ್ದರೆ ಢಂ. ಆಮೇಲೆ ಖಾಲಿ ತೋಟಾ ತಾನು ಹೊರಬೀಳುವ ಬಾಗಿಲಿಗೇ ಅಡ್ಡ ನಿಂತುಬಿಡುತ್ತಿತ್ತು, ಮುದುಕನ ಹಲ್ಲಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ. ಮೂರನೆಯ ಸದ್ದನ್ನು ಅಜ್ಜನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಹಂದಿಗಳಿಗೂ ಇದು ಗೊತ್ತಿತ್ತು. ಎರಡು ಸದ್ದು ಮುಗಿಯುವತನಕ ಬದುವಿನಾಚೆ ಕಾದು, ಆಮೇಲೆ ನೆಮ್ಮದಿಯಾಗಿ ಊಟಕ್ಕೆ ಕೂರುತ್ತಿದ್ದವು.

ಲೈಸೆನ್ಸು ತನ್ನ ಹೆಸರಿಗೆ ಬಂದಂದಿನಿಂದ ಮರಿಬಸಪ್ಪ ಅವಳನ್ನು ನಂಬಿಕಸ್ತಳನ್ನಾಗಿ ಮಾಡಲು ಟೊಂಕ ಕಟ್ಟಿದ್ದ. ಹೆಗಲಿಗೆ ಒದೆಯದಿರಲೆಂದು ಬಂದೂಕಿನ ಹಿಂಬದಿಯ ಮರದ ಹಿಡಿಗೆ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಅಂಟಿಸಿದ. ಕುರುಗೋಡಿನ ಪಂಪ್‌ಸೆಟ್ ಮೆಕ್ಯಾನಿಕ್ಕಿನಿಂದ ಹೊಸ ಸ್ಪ್ರಿಂಗ್ ಸುತ್ತಿಸಿದ. ತೋಟಾ ಒಳಗೆ ಹೋಗುವ ದಾರಿಯನ್ನು ಎಮರಿ ಕಾಗದದಿಂದ ಕನ್ನಡಿಯಾಗುವ ಹಾಗೆ ಉಜ್ಜಿದ. ಹೆಂಡತಿ ಪಂಪಾವತಿ ಮನೆಯಲ್ಲೇ ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುವವಳು. ಅವಳಿಂದ ನೀಲಿ ಜೀನ್ಸಿನ ಚೀಲವನ್ನೂ ಹೆಗಲ ಪಟ್ಟಿಯನ್ನೂ ಹೊಲಿಸಿದ. ಇಷ್ಟರ ಮೇಲೆ, ಎಲ್ಲ ರೋಗಕ್ಕೂ ಒಂದೇ ಮದ್ದು ಎಂಬಂತೆ, ದಿನಾ ಎಣ್ಣೆ.

“ನನ್ನ ಮಿಷಿನ್ನು ದಿನಾ ದುಡಿತೈತಿ, ಅದಕ್ಕ ಎರಡು ಹನಿ,” ಎನ್ನುತ್ತಿದ್ದಳು ಪಂಪಾವತಿ. “ನಿಮ್ಮಾಕಿ ಗೂಟಕ್ಕ ನೇತಾಡ್ತಾಳ, ಆಕಿಗೆ ಬಾಟ್ಲಿಗಟ್ಲೆ! ಆಕಿನ್ನ ಕರ್ಕೊಂಡು ಬರೋದಿತ್ತು, ನನ್ಯಾಕ ಲಗ್ನ ಆದ್ರಿ?”

“ಆಕಿ ಅದಾಳಂತ ನಾ ಗನ್‌ಮ್ಯಾನ್ ಅದೀನಿ. ಇಲ್ಲಂದ್ರ ನನ್ನ ಯಾವನು ಮಾತಾಡಸ್ತಾನ?”

ಅದು ಮಾತ್ರ ಉತ್ಪ್ರೇಕ್ಷೆಯಲ್ಲ. ಬಂದೂಕು ಇಲ್ಲದ ಮರಿಬಸಪ್ಪ ಶಾಲೆ ಅರ್ಧಕ್ಕೆ ಬಿಟ್ಟ, ಮಂಡಿ ನೋವಿನ ಒಬ್ಬ ಮನುಷ್ಯ. ಬಂದೂಕು ಹೆಗಲಿಗೇರಿದರೆ ಮ್ಯಾನೇಜರು ಹೆಸರಿನ ಕೊನೆಗೆ ‘ಅವರೇ’ ಸೇರಿಸುತ್ತಿದ್ದ, ಆಟೋದವರು ಕಚೇರಿಯ ಮುಂದೆ ಗಾಡಿ ನಿಲ್ಲಿಸಲು ಅಪ್ಪಣೆ ಕೇಳುತ್ತಿದ್ದರು. ಸ್ವಂತ ಬಂದೂಕು ಇದ್ದವನಿಗಷ್ಟೇ ಕಚೇರಿ ಬಾಗಿಲಿನ ಆ ಕುರ್ಚಿ.

ಆ ಕುರ್ಚಿಯ ಕಾಲಿಗೇ ಕೊಡಲಿ ಬಿತ್ತು. ಹೊಸ ಮ್ಯಾನೇಜರ್ ದುರ್ಗೇಶ್, ಇನ್ನೂ ಮೀಸೆ ಗಟ್ಟಿಯಾಗದ ಹುಡುಗ, ಒಂದು ಬೆಳಿಗ್ಗೆ ಕಂಪನಿಯ ಎಲ್ಲ ಶಾಖೆಗಳ ಗನ್‌ಮ್ಯಾನ್‌ಗಳನ್ನು ಕರೆಸಿದ.

“ದಸರಾ ಮುಗಿದ ಮರುದಿವಸ ಫೈರಿಂಗ್ ಟೆಸ್ಟ್ ಐತ್ರಿ. ನಿಮ್ಮ ನಿಮ್ಮ ಬಂದೂಕಿನಾಗ ಎಷ್ಟು ತೋಟಾ ಹಿಡಿತಾವ, ಅಷ್ಟೂ ಒಂದರ ಹಿಂದ ಒಂದು ಹಾರಬೇಕು. ಹಾರಲಿಲ್ಲ ಅಂದ್ರ ಸೆಕ್ಯೂರಿಟಿ ಏಜೆನ್ಸಿಯವರು ಹೊಸ ಗನ್ನು, ಹೊಸ ಮನಷಾನ್ನ ಕಳಸ್ತಾರ.”

ಒಂಟಿ ನಳಿಗೆಯವರು ಒಂದು ಹಾರಿಸಿದರೆ ಪಾರು. ಜೋಡು ನಳಿಗೆಯವರಿಗೆ ಎರಡು ಸಾಕು. ಜಿಲ್ಲೆಯಲ್ಲೇ ತನ್ನದೊಂದೇ ಐದರದ್ದು ಎಂದು ಇಷ್ಟು ವರ್ಷ ಮೀಸೆ ತಿರುವಿದವನು ಆ ಹೊತ್ತು ಐದು ಎಂಬ ಅಂಕಿಯನ್ನೇ ದ್ವೇಷಿಸಿದ.

ಮರುದಿನ ಐದ್‌ಗುಂಡಮ್ಮನನ್ನು ಜೀನ್ಸ್ ಚೀಲದಲ್ಲಿ ಮಲಗಿಸಿಕೊಂಡು ಸಿರುಗುಪ್ಪದ ಬಸ್ ಹತ್ತಿದ. ಕಂಡಕ್ಟರ್ ಚೀಲ ನೋಡಿ, “ಏನಣ್ಣ, ತಂಬೂರಿ ಹಿಡ್ಕೊಂಡು ಭಜನಿಗೆ ಹೊಂಟಿಯೇನು?” ಎಂದ. ಸಿರಿಗೇರಿ ದಾಟುವತನಕ ಗನ್‌ಮ್ಯಾನನ ಬಾಯಿಯೂ ಬಂದೂಕಿನಂತೆ ಜಾಮ್ ಆಗಿತ್ತು.

ಸಿರುಗುಪ್ಪದಲ್ಲಿ ಅಂಜಿನಪ್ಪ ಇದ್ದ. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತನಾದವನು. ಲೈಸೆನ್ಸು ನೋಡದೆ ಚೀಲ ಮುಟ್ಟುವುದಿಲ್ಲ, ಬೈಯದೆ ಬಂದೂಕು ಬಿಚ್ಚುವುದಿಲ್ಲ. ಬಿಚ್ಚಿ ಮೂಗಿನ ಹತ್ತಿರ ಹಿಡಿದ.

“ಲೇ ತಮ್ಮಾ, ಇದರಾಗ ಏನು ಮಿರ್ಚಿ ಕರೀತಿಯೇನಲೇ?”

“ಎಣ್ಣಿ ರೀ ಅಣ್ಣ. ಸಲೀಸಾಗಿ ಓಡ್ಲಿ ಅಂತ ದಿನಾ…”

“ಓಡಾಕ ಇದೇನು ಎತ್ತಿನ ಬಂಡಿಯೇನು?”

ಡೀಸೆಲ್ಲಿನಲ್ಲಿ ತೊಳೆಯತೊಡಗಿದಾಗ ಮೂರು ತಲೆಮಾರಿನ ಚರಿತ್ರೆ ಪದರಪದರವಾಗಿ ಹೊರಬಂತು. ಮೇಲೆ ಪಂಪಾವತಿಯ ಜೀನ್ಸಿನ ನೀಲಿ ಎಳೆ, ಅದರ ಕೆಳಗೆ ಬಳ್ಳಾರಿಯ ಕೆಂಪು ಧೂಳು, ಅದರ ಕೆಳಗೆ ಪ್ರತಿ ಆಯುಧಪೂಜೆಯ ಕುಂಕುಮ, ವಿಭೂತಿ, ಅರಿಶಿನ. ಎಲ್ಲವೂ ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿ, ತೋಟಾವನ್ನು ಒಳಗೆ ತಳ್ಳಿ ಹೊರಗೆಳೆಯುವ ಬೋಲ್ಟಿನ ಹಾದಿಯಲ್ಲಿ ಕೂತಿದ್ದವು. ತಳದಲ್ಲಿ ಒಂದು ಅಕ್ಷತೆ ಕಾಳು.

“ಇದು ನಿಮ್ಮ ಅಜ್ಜ ಹಾಕಿದ್ದಿರಬೇಕು, ಇಟ್ಟುಕೋ,” ಎಂದು ಅಂಜಿನಪ್ಪ ಅದನ್ನು ಅವನ ಅಂಗೈಗಿಟ್ಟ. ನಳಿಗೆಯ ಕೆಳಗಿನ ಕೊಳವೆಯಿಂದ ಒಂದು ಉಕ್ಕಿನ ಬಳೆಯನ್ನು ತೆಗೆದು ತೋರಿಸಿದ. “ಈ ಬಳಿ ಜೋರು ಒದಿಯೋ ತೋಟಾಕ್ಕಂತ ಹಾಕ್ಯಾರ. ನೀ ಹಾಕೋ ತೋಟಾ ಮೆತ್ತಗ ಒದಿತಾವ. ಅದಕ್ಕ ನಳಿಗಿ ಪೂರಾ ಹಿಂದಕ ಬರಾಂಗಿಲ್ಲ, ಖಾಲಿ ತೋಟಾ ಅಡ್ಡ ನಿಂದರತೈತಿ.” ಬಳೆಯ ಜಾಗ ಬದಲಿಸಿ, ಪಂಪ್‌ಸೆಟ್ಟಿನ ಸ್ಪ್ರಿಂಗನ್ನು ಕಿಟಕಿಯಿಂದ ಆಚೆಗೆಸೆದು, ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ ಜೋಡಿಸಿದ. ಮದ್ದಿಲ್ಲದ ಐದು ಹುಸಿ ತೋಟಾ ತುಂಬಿ ಐದು ಸಲ ಬೋಲ್ಟ್ ಎಳೆದ. ಟಕ್, ಟಕ್ ಎಂದು ಐದೂ ಒಂದರ ಹಿಂದೊಂದು ಹೊರಗೆ ಜಿಗಿದವು.

ಮರಿಬಸಪ್ಪನ ಕಣ್ಣು ತೇವವಾಯಿತು.

“ಇಲ್ಲಿ ಕೇಳಲೇ,” ಎಂದ ಅಂಜಿನಪ್ಪ. “ಇನ್ನ ಮ್ಯಾಲೆ ಒಣ ಅರಿವಿಲೆ ಒರೆಸೋದು, ಅಷ್ಟ. ಎಣ್ಣಿ ಮುಟ್ಟಬ್ಯಾಡ. ಒಣಾ ಇದ್ರ ಒಂದೀಟು ಕರ್ ಅಂತಾಳ, ಅನ್ಲಿ ಬಿಡು. ಆ ಗರಿ ಐತಲ್ಲ, ಅದನ್ನ ಕೋಳಿಗೇ ವಾಪಸ್ ಕೊಡು.”

ಆಯುಧಪೂಜೆ ಬಂತು. ಪಂಪಾವತಿಯ ಹೊಲಿಗೆ ಮಿಷಿನ್ನು ಹೂವಿನಲ್ಲಿ ಮುಳುಗಿತು. ಬಾದನಹಟ್ಟಿಯಿಂದ ಬಂದಿದ್ದ ತಾಯಿ ವಿರೂಪಮ್ಮ ಕುಂಕುಮದ ಬಟ್ಟಲು ಹಿಡಿದು ಗೂಟದ ಕಡೆಗೆ ಹೊರಟಳು. ಮಗ ಎರಡೂ ತೋಳು ಚಾಚಿ ಗೋಡೆಗೆ ಬೆನ್ನು ಕೊಟ್ಟು ನಿಂತ.

“ಬ್ಯಾಡಬೇ. ಈ ವರ್ಷ ಆಕಿಗೆ ಕುಂಕುಮ ಬ್ಯಾಡ.”

“ಯಾಕಲೇ ಬಸ್ಯಾ? ಮುತ್ತೈದಿ ಅದಾಳ ಆಕಿ! ನೌಕರಿ ಉಳಿಯೋ ಟೈಮಿನ್ಯಾಗ ಪೂಜಿ ತಪ್ಪಸ್ತಿಯೇನು?”

“ಒಳಗ ಪುಡಿ ಬಿದ್ರ ನೌಕರಿ ಹೊಕ್ಕೈತಬೇ.”

ಬಹಳ ವಾದದ ಮೇಲೆ ರಾಜಿಯಾಯಿತು. ಬಂದೂಕಿಗಲ್ಲ, ಜೀನ್ಸ್ ಚೀಲಕ್ಕೆ ಪೂಜೆ. ಚೀಲದ ಹಣೆಗೆ ಕುಂಕುಮ, ಚೀಲಕ್ಕೆ ಕಾಯಿ. ವಿರೂಪಮ್ಮ ಗೊಣಗುತ್ತಲೇ ಕರ್ಪೂರ ಬೆಳಗಿದಳು. ಆ ದಿನ ಮರಿಬಸಪ್ಪ ತಾಯಿಯನ್ನು ಗೆದ್ದ, ಸಂಪ್ರದಾಯವನ್ನು ಗೆದ್ದ. ಇನ್ನು ಗೆಲ್ಲಬೇಕಾದದ್ದು ಒಬ್ಬನನ್ನು ಮಾತ್ರ, ಅವನು ಕನ್ನಡಿಯಲ್ಲಿದ್ದ. ಗರಿ ಇನ್ನೂ ಕಿವಿಯ ಮೇಲೇ ಇತ್ತು. “ಸುಮ್ನ ಇರ್ಲಿ ಬಿಡು, ಅಭ್ಯಾಸ,” ಎಂದಿದ್ದ ಹೆಂಡತಿಗೆ.

ಟೆಸ್ಟಿನ ಬೆಳಿಗ್ಗೆ ಊರ ಹೊರಗಿನ ಫೈರಿಂಗ್ ಮೈದಾನದಲ್ಲಿ ಗಾಳಿ ಕೆಂಪಾಗಿ ಬೀಸುತ್ತಿತ್ತು. ಒಂಟಿ ನಳಿಗೆಯವರು ಢಂ ಎನಿಸಿ ಬೀಡಿ ಸೇದಲು ಹೋದರು. ಜೋಡು ನಳಿಗೆಯವರೂ ಮುಗಿಸಿ ಅವರನ್ನು ಕೂಡಿಕೊಂಡರು. ಐದರ ದೊರೆಯನ್ನು ಕೊನೆಗಿಟ್ಟಿದ್ದರು. ಸರದಿ ಕಾಯುತ್ತ ಅವನು ಒಂದು ಬದಿಗೆ ಕೂತು, ತೋಟಾ ತುಂಬುವ ಮೊದಲು ಬೋಲ್ಟನ್ನು ಒಮ್ಮೆ ಎಳೆದು ನೋಡಿದ.

ಕರ್.

ಅಂಜಿನಪ್ಪ ಹೇಳಿದ್ದೇ ಸದ್ದು, ಆರೋಗ್ಯದ ಸದ್ದು. ಆದರೆ ಆಯುಷ್ಯವಿಡೀ ಕಿರ್ ಕರ್‌ಗಳನ್ನು ಬೇಟೆಯಾಡಿದವನ ಕಿವಿಗೆ ಅದು ಮಗು ಅತ್ತ ಹಾಗೆ ಕೇಳಿಸಿತು. ಇನ್ನೊಮ್ಮೆ ಎಳೆದ. ಕರ್. ನೌಕರಿ, ಕುರ್ಚಿ, ‘ಅವರೇ’, ಎಲ್ಲವೂ ಆ ಕರ್ ಎಂಬುದರಲ್ಲಿ ನರಳಿದವು. ಕೈ ತಾನಾಗಿಯೇ ಕಿವಿಗೆ ಹೋಯಿತು. ಒಂದೇ ಹನಿ ಎಂದುಕೊಂಡ. ಹನಿಗೆ ಜೊತೆ ಬೇಕಲ್ಲ ಎಂದು ಇನ್ನೊಂದು ಬಿಟ್ಟ. ಆಮೇಲೆ ಬಾಟಲಿ ಬಗ್ಗಿತು, ಗರಿ ಒಳಗೆಲ್ಲ ನಾಟ್ಯವಾಡಿತು. ಬೋಲ್ಟು ಬೆಣ್ಣೆಯಾಯಿತು. ಬಂದೂಕಿನ ತೆರೆದ ಬಾಯಲ್ಲಿ ಬಳ್ಳಾರಿಯ ಕೆಂಪು ಧೂಳು ಸದ್ದಿಲ್ಲದೆ ಬಂದು ಅಂಟಿಕೊಂಡಿತು.

“ಮರಿಬಸಪ್ಪನವರೇ, ಬರ್ರಿ,” ಎಂದ ದುರ್ಗೇಶ್.

ಮೊದಲನೆಯದು ಹಾರಿತು. ಎರಡನೆಯದು ಹಾರಿತು. ಮೂರನೆಯದೂ ಹಾರಿತು! ಅಜ್ಜ ಕೇಳದ, ಅಪ್ಪ ಕೇಳದ ಮೂರನೆಯ ಸದ್ದು. ಬೀಡಿಯವರು ಎದ್ದು ನಿಂತರು. ಮರಿಬಸಪ್ಪನ ಎದೆ ಕೋಟೆಗುಡ್ಡದಷ್ಟಾಯಿತು. ನಾಲ್ಕನೆಯದಕ್ಕೆ ಬೆರಳು ಒತ್ತಿದ.

ಏನೂ ಆಗಲಿಲ್ಲ. ಬೋಲ್ಟು ಅರ್ಧ ದಾರಿಯಲ್ಲಿ, ಕೆಂಪು ಕೆಸರಿನಲ್ಲಿ ಹೂತ ಎಮ್ಮೆಯಂತೆ ನಿಂತಿತ್ತು. ಪಕ್ಕದಿಂದ ಎಣ್ಣೆ ಅವನ ಮಣಿಕಟ್ಟಿಗೆ ಇಳಿಯುತ್ತಿತ್ತು. ದುರ್ಗೇಶ್ ಬಹಳ ಮೆತ್ತಗೆ, ‘ಅವರೇ’ ಇಲ್ಲದೆ, “ಸಾಕು ಬಿಡು ಮರಿಬಸಪ್ಪ, ಖಾಲಿ ಮಾಡಿ ಕೆಳಗಿಡು,” ಎಂದ.

ಆ ಕುರ್ಚಿಯಲ್ಲಿ ಈಗ ಏಜೆನ್ಸಿಯವನು ಹೊಸ ಬಂದೂಕು ಹಿಡಿದು ಕೂರುತ್ತಾನೆ. ಐದ್‌ಗುಂಡಮ್ಮನನ್ನು ಚುನಾವಣೆ ಬಂತೆಂದು ಎಲ್ಲರ ಬಂದೂಕಿನ ಜೊತೆ ಠಾಣೆಯಲ್ಲಿ ಇಡಿಸಿಕೊಂಡರು; ಮರಿಬಸಪ್ಪ ತರಲು ಹೋಗಲೇ ಇಲ್ಲ. ಈಗ ಅವನು ಜೀನ್ಸ್ ತೊಳೆಯುವ ಒಂದು ಘಟಕದಲ್ಲಿ ಗೇಟು ಕಾಯುತ್ತಾನೆ, ಕೈಯಲ್ಲಿ ಕೋಲು. ಸೇರಿದ ದಿನ ಗೇಟು ಕಿರ್ ಅಂದದ್ದಕ್ಕೆ ಗರಿ ತೆಗೆದನಂತೆ. ಮಾಲೀಕ ಒಳಗಿನಿಂದ ಓಡಿ ಬಂದು, “ಲೇ, ಮುಟ್ಟಬ್ಯಾಡ ಅದನ್ನ! ಆ ಸದ್ದಿನ ಮ್ಯಾಲೇ ನಾ ಯಾರು ಬಂದ್ರು, ಯಾರು ಹೋದ್ರು ಅಂತ ತಿಳ್ಕೊಳ್ಳೋದು,” ಎಂದನಂತೆ. ದಿನವಿಡೀ ಗೇಟು ಕಿರಗುಡುತ್ತದೆ, ಅವನು ಪಕ್ಕದಲ್ಲೇ ಕೂತು ಕೇಳುತ್ತಾನೆ. ಕಿವಿಯ ಮೇಲೆ ಈಗ ಏನೂ ಇಲ್ಲ.

ಆದರೆ ನಮ್ಮ ಊರು ಶೂರರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮೂರನೆಯ ಗುಂಡಿನ ಕತೆ ಚಹಾದ ಅಂಗಡಿಯಲ್ಲಿ ಬೆಳೆಯಿತು. ಐದ್‌ಗುಂಡಮ್ಮ ಪೂಜೆ ತಪ್ಪಿದ್ದಕ್ಕೆ ಮುನಿದಳು ಎಂದರು ಕೆಲವರು. ಏಜೆನ್ಸಿಯವರು ಮಾಟ ಮಾಡಿಸಿದರು ಎಂದರು ಇನ್ನು ಕೆಲವರು. ಕಡೆಗೆ ಆಟೋ ಓಡಿಸುವ ದೊಡ್ಡಬಸವರಾಜ ಒಂದು ಸಂಜೆ ಮರಿಬಸಪ್ಪನನ್ನೇ ಎದುರಿಗೆ ಕೂರಿಸಿಕೊಂಡು, ಚಹಾ ಕೊಡಿಸಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ:

“ಖರೇನ ಹೇಳು ಮಾವ. ಮೂರು ಗುಂಡು ಸಿಡಿಲಿನಂಗ ಹಾರಿದ್ವು. ನಾಕನೇದಕ್ಕ ಆಕಿ ಹಠ ಹಿಡಿದು ನಿಂತಳು. ಆವಾಗ ಆಕಿ ನಿನಗ ಏನು ಹೇಳಿದಂಗಾತು? ಅಲ್ಲಿ ಖರೇನ ಏನಾತು?”

ಮರಿಬಸಪ್ಪ ಚಹಾ ಮುಗಿಸಿ, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡ.

“ಏನಿಲ್ಲಪಾ. ಎಣ್ಣಿ ಜಾಸ್ತಿ ಆತು.”