ಶುಫೆನ್ ಕಲಿತ ಇಂಗ್ಲಿಷ್

ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಇಂಗ್ಲಿಷ್ ಕಲಿಸುತ್ತೇನೆಂದು ಮಾತು ಕೊಟ್ಟು, ತಿಂಗಳುಗಟ್ಟಲೆ ಶ್ರದ್ಧೆಯಿಂದ ಪಾಠ ಮಾಡಿ, ಒಂದು ಚೀನೀ ಮಗುವಿಗೂ ಅದರ ತಾಯಿಗೂ ನಾನು ಕನ್ನಡ ಕಲಿಸಿಬಿಟ್ಟೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ನಮ್ಮಲ್ಲಿದೆ. ಆದರೆ ಆ ಗಾದೆಯ ಶಿಲ್ಪಿಗೆ ತಾನು ಮಾಡಿದ್ದು ಅಪ್ಪನನ್ನು ಎಂದು ನೋಡಿದ ಕೂಡಲೇ ಗೊತ್ತಾಗಿರಬೇಕು. ನನಗೆ ಅದನ್ನು ದಿನಸಿ ಅಂಗಡಿಯವರು ಹೇಳಬೇಕಾಯಿತು.

ಆಗ ನಾವಿದ್ದದ್ದು ಕುವೈತಿನ ಫಹಾಹೀಲ್‌ನಲ್ಲಿ, ಮೂರನೆಯ ಮಹಡಿಯ ಸಣ್ಣ ಮನೆಯಲ್ಲಿ. ನಮ್ಮವರು ಶುವೈಖ್‌ನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್. ಬೆಳಿಗ್ಗೆ ಕಂಪೆನಿ ಬಸ್ಸು ಹತ್ತಿದರೆ ಮುಖ ಕಾಣುವುದು ಸಂಜೆಗೆ. ಕುಂದಾಪುರದಿಂದ ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು, ಮಕ್ಕಳಿನ್ನೂ ಇರಲಿಲ್ಲ. ಮಾತಾಡಲು ಜನವಿಲ್ಲದೆ ನಾನು ಬೆಂಡೆಕಾಯಿಯೊಂದಿಗೆ, ಕುಕ್ಕರಿನೊಂದಿಗೆ ಮಾತಾಡುವುದನ್ನು ರೂಢಿಸಿಕೊಂಡಿದ್ದೆ. ಆದರೂ ಕಟ್ಟಡದಲ್ಲಿ ನನಗೊಂದು ಕೀರ್ತಿ ಇತ್ತು. ಇಂಗ್ಲಿಷ್ ಪೇಪರು ತರಿಸುತ್ತಿದ್ದವರು ನಾವೊಬ್ಬರೇ. ಅದರಲ್ಲಿ ನಾನು ಓದುತ್ತಿದ್ದದ್ದು ರಾಶಿಭವಿಷ್ಯ ಮತ್ತು ಸೀರೆ ಸೇಲಿನ ಜಾಹೀರಾತು ಮಾತ್ರ ಎಂಬುದು ಕಟ್ಟಡಕ್ಕೆ ತಿಳಿದಿರಲಿಲ್ಲ.

ತೊಂಬತ್ತನೆಯ ಇಸವಿಯ ಆರಂಭ, ಚಳಿಗಾಲ. ಎದುರು ಮನೆಗೆ ಹೊಸಬರು ಬಂದ ಸುದ್ದಿಯನ್ನು ನನಗೆ ಮೊದಲು ತಿಳಿಸಿದ್ದು ನನ್ನ ಮೂಗು. ಬಟ್ಟೆ ಒಣಹಾಕುತ್ತಿದ್ದೆ, ಗಾಳಿಯಲ್ಲಿ ಒಣಮೀನಿನ ವಾಸನೆ ಬಂತು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆಯ ಹಗ್ಗಕ್ಕೆ ಸಾಲಾಗಿ ಮೀನು ತೂಗುಹಾಕಿತ್ತು. ಕೆಳಗಿನ ಮನೆಯವರು ಆಗಲೇ ಕಾವಲುಗಾರನಿಗೆ ದೂರು ಕೊಟ್ಟಾಗಿತ್ತಂತೆ. ನಾನೂ ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆರೆದವಳು ತೆಳ್ಳಗಿನ ಚೀನೀ ಹೆಂಗಸು. ಅವಳ ಲಂಗ ಹಿಡಿದುಕೊಂಡು ಐದು ವರ್ಷದ ಹುಡುಗಿ. ಇನ್ನೊಬ್ಬಳು ಜಗಳಕ್ಕೆ ಬಂದಳೆಂದು ಅವಳು ಸೊಂಟಕ್ಕೆ ಕೈಯಿಟ್ಟು ಸಿದ್ಧಳಾದಳು. ನಾನು ಬಾಲ್ಕನಿಯತ್ತ ಬೆರಳು ತೋರಿಸಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಒಳಗೆ ಹೋಗಿ ನಾಲ್ಕು ಮೀನು ತಂದುಕೊಟ್ಟಳು. ಸ್ನೇಹ ಬೆಳೆಸಲು ಒಂದು ಭಾಷೆಯಾದರೂ ಬೇಕು ಎನ್ನುವವರು ಬಹುಶಃ ಸಸ್ಯಾಹಾರಿಗಳು.

ಅವಳ ಹೆಸರು ಶುಫೆನ್. ಗಂಡ ಕಡಲ ದಂಡೆಯ ಒಂದು ಹೋಟೆಲಿನಲ್ಲಿ ಅಡುಗೆಯವನು. ಅವನು ಮನೆಗೆ ಬರುವಾಗ ಇವರಿಗೆ ನಿದ್ದೆ, ಇವರು ಏಳುವಾಗ ಅವನಿಗೆ ನಿದ್ದೆ. ಅವಳು ಚೀನಾದ ಯಾವುದೋ ಸಣ್ಣ ಊರಿನವಳು. ತನ್ನ ಭಾಷೆ ಬಿಟ್ಟರೆ ಬೇರೆ ಅಕ್ಷರ ತಿಳಿಯದು. ಮಗಳ ಹೆಸರು ಯಾನ್‌ಯಾನ್. ತುಳುವಿನಲ್ಲಿ ‘ಯಾನ್’ ಎಂದರೆ ‘ನಾನು’. ಎರಡನೆಯ ಮಹಡಿಯ ಮಂಗಳೂರಿನವರು ಮಗುವಿನ ಹೆಸರು ಕೇಳಿ, ಅದು ‘ನಾನು, ನಾನು’ ಎಂದು ಎದೆ ಸೆಟೆಸಿ ಹೇಳಿದಾಗ, ಎಷ್ಟು ಜಂಬದ ಮಗು ಎಂದು ಬೆರಗಾಗಿದ್ದರು.

ಒಂದು ದಿನ ಶುಫೆನ್‌ಳ ಗಂಡ ಅರ್ಧ ನಿದ್ದೆಗಣ್ಣಿನಲ್ಲಿ ನಮ್ಮ ಬಾಗಿಲಿಗೆ ಬಂದ. ಹೋಟೆಲಿನ ಅಡುಗೆಮನೆಯಲ್ಲಿ ಹೆಕ್ಕಿದ ಹತ್ತಾರು ಇಂಗ್ಲಿಷ್ ಶಬ್ದಗಳನ್ನು ಜೋಡಿಸಿ, ಮಗಳಿಗೆ ಇಂಗ್ಲಿಷ್ ಕಲಿಸಬೇಕು, ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರಿಸಬೇಕು ಎಂದು ತಿಳಿಸಿದ. ಶುಫೆನ್ ಹಿಂದೆ ನಿಂತಿದ್ದಳು. ತನಗೆ ತಿಳಿಯದ ಮಾತನ್ನು ಅವಳು ಮುಖದಿಂದಲೇ ಬೇಡುತ್ತಿದ್ದಳು. ನಾನು ಆಗದು ಎನ್ನಬಹುದಿತ್ತು. ಪೇಪರಿನ ಮರ್ಯಾದೆ ಬಿಡಲಿಲ್ಲ.

ಪಾಠ ಬೆಳಿಗ್ಗೆ ಒಂಬತ್ತಕ್ಕೆ. ಅರ್ಧ ಗಂಟೆ ಎ ಬಿ ಸಿ ಡಿ ಬರೆಸುತ್ತಿದ್ದೆ. ಅಷ್ಟರಲ್ಲಿ ಕುಕ್ಕರು ಕೂಗುತ್ತಿತ್ತು. ನಾನು ಅಡುಗೆಮನೆಗೆ ಹೋದರೆ ಯಾನ್‌ಯಾನ್ ಹಿಂದೆಯೇ ಬರುತ್ತಿದ್ದಳು, ಅವಳ ಹಿಂದೆ ನೋಟ್‌ಬುಕ್ ಹಿಡಿದು ಶುಫೆನ್. ಅಲ್ಲಿಂದಾಚೆ ನನ್ನ ಬಾಯಿ ನನ್ನ ವಶದಲ್ಲಿರುತ್ತಿರಲಿಲ್ಲ. ‘ಮುಟ್ಬ್ಯಾಡ, ಬಿಸಿ!’ ‘ಹೋಯ್, ಕೈ ತೊಳ್ಕೋ.’ ‘ಎಂತ ಕಾಂಬುದು, ಬಟ್ಟಲು ತಾ.’ ನಮ್ಮ ವ್ಯಾಕರಣಕಾರರು ಭಾಷೆಯನ್ನು ಅಕ್ಷರದಿಂದ ಶುರುಮಾಡಿ, ಸಂಧಿ ಸಮಾಸ ದಾಟಿಸಿ, ಬಹಳ ದೂರ ನಡೆಸಿದ ಮೇಲೆ ಕ್ರಿಯಾಪದಕ್ಕೆ ತಲುಪಿಸುತ್ತಾರೆ. ಅವರು ಯಾರೂ ಮಗುವನ್ನು ಸೊಂಟದ ಹತ್ತಿರ ನಿಲ್ಲಿಸಿಕೊಂಡು ಒಗ್ಗರಣೆ ಹಾಕಿದವರಲ್ಲ. ಅಡುಗೆಮನೆಯ ವ್ಯಾಕರಣ ನಿಷೇಧದಿಂದ ಆರಂಭವಾಗುತ್ತದೆ. ಯಾನ್‌ಯಾನ್ ಮೊದಲು ‘ಬ್ಯಾಡ’ ಕಲಿತಳು, ಆಮೇಲೆ ಆಗದು ಎನ್ನುವ ನಮ್ಮೂರ ‘ಆಗ’, ಆಮೇಲೆ ‘ಸಾಕು’. ಇಷ್ಟು ಬಂದರೆ ಸಂಸಾರಕ್ಕೆ ಮುಕ್ಕಾಲು ಭಾಷೆ ಬಂದಂತೆಯೇ. ಎರಡು ತಿಂಗಳಲ್ಲಿ ಅವಳು ನನ್ನನ್ನು ನಮ್ಮೂರ ಮಕ್ಕಳು ಚಿಕ್ಕಮ್ಮನನ್ನು ಕರೆಯುವಂತೆ ‘ಚಿಕ್ಕಿ’ ಎಂದು ಕರೆಯತೊಡಗಿ, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಹೇಳುವ ಮಟ್ಟಕ್ಕೆ ಬಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಇಂಗ್ಲಿಷಿನ ನೆನಪೇ ಆಗಲಿಲ್ಲ.

ಶುಫೆನ್ ಎಲ್ಲವನ್ನೂ ತನ್ನ ಲಿಪಿಯಲ್ಲಿ ಬರೆದುಕೊಂಡಳು. ಛಲಗಾತಿ. ಬೇಸಿಗೆ ಏರುತ್ತಿದ್ದಂತೆ ನಾವೆಲ್ಲ ತಣ್ಣೀರಿಗಾಗಿ ಒದ್ದಾಡುವಾಗ ಅವಳು ಮಾತ್ರ ಬಿಸಿನೀರು ಕುಡಿಯುತ್ತ, ಅಡುಗೆಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ‘ಈರುಳ್ಳಿ, ಈರುಳ್ಳಿ, ಈರುಳ್ಳಿ’ ಎಂದು ಜಪ ಮಾಡುತ್ತಿದ್ದಳು. ನಾನೇನೋ ಅವಳು ನನ್ನ ಮೇಲಿನ ಪ್ರೀತಿಗೆ ಕನ್ನಡ ಕಲಿಯುತ್ತಿದ್ದಾಳೆ ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಒಂದು ದಿನ ಕೆಳಗಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಅಬ್ಬಾಸ್ ಬ್ಯಾರಿಗಳು ನಮ್ಮ ಗಂಗೊಳ್ಳಿಯ ಕಡೆಯವರು.

“ಅಕ್ಕಾ, ಒಂದು ಕೇಳ್ತೇನೆ, ಬೇಜಾರ ಮಾಡ್ಬೇಡಿ. ಆ ಚೀನಾದ ಅಕ್ಕನಿಗೆ ತಲೆ ಸರಿ ಉಂಟಲ್ಲಾ?”

“ಯಾಕೆ?”

“ಬರ್ತಾರೆ, ‘ಈರುಳ್ಳಿ ಕೊಡಿ, ಹಾಳಾದ್ದು ಬ್ಯಾಡ’ ಅಂತಾರೆ. ನನಗೆ ಖುಷಿ ಆಯ್ತು. ಕನ್ನಡ ಲಾಯ್ಕ ಮಾತಾಡ್ತೀರಿ ಅಂದೆ. ನನಗೇ ಜೋರು ಮಾಡ್ತಾರೆ! ‘ನೋ ಕನ್ನಡ, ಇಂಗ್ಲಿಷ್, ಇಂಗ್ಲಿಷ್’ ಅಂತ!”

ಅಂಗಡಿಯ ಎಸಿಯ ಕೆಳಗೆ ನಿಂತಿದ್ದರೂ ನಾನು ಬೆವತೆ. ವಿಷಯ ಈಗ ಹೊಳೆಯಿತು. ಇಂಗ್ಲಿಷ್ ಕಲಿಸುವವಳು ಆಡುವುದು ಇಂಗ್ಲಿಷ್ ಎಂದು ಅವಳು ನಂಬಿದ್ದಾಳೆ. ನಂಬದೆ ಇನ್ನೇನು? ಆ ಭಾಷೆ ಹಿಡಿದು ಅಂಗಡಿಗೆ ಹೋದರೆ ಈರುಳ್ಳಿ ಬರುತ್ತದೆ. ಮೂಲೆಯ ಟೈಲರ್ ಹತ್ತಿರ ಹೋದರೆ, ಅವರು ಬೈಂದೂರಿನವರು, ಲಂಗದ ಅಂಚು ಸರಿಯಾಗುತ್ತದೆ. ಅವಳ ಇಡೀ ಫಹಾಹೀಲ್ ಅಷ್ಟೇ, ಮೂರು ಬಾಗಿಲು, ಮೂರೂ ಕನ್ನಡದವು. ಅವಳ ಗಂಡ ಒಮ್ಮೆ ಮಗಳ ಮಾತು ಕೇಳಿದವನು ಗುರುತಿಸಲಿಲ್ಲವೇ ಎಂದರೆ, ಆ ಪುಣ್ಯಾತ್ಮ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ತನ್ನದು ಅಡುಗೆಮನೆಯ ಇಂಗ್ಲಿಷ್, ಮಗಳದು ಮೇಡಂ ಇಂಗ್ಲಿಷ್ ಎಂದು ತಲೆಬಾಗಿ ವಂದಿಸಿದ್ದ.

ಸಂಜೆ ನಮ್ಮವರಿಗೆ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನೀನು ಕಲಿಸಿದ್ದು ಸರಿಯಾದ ಕನ್ನಡವೂ ಅಲ್ಲ ಮಾರಾಯ್ತಿ. ಬೆಂಗಳೂರಿಗೆ ಹೋದ್ರೂ ಅವ್ರಿಗೆ ದುಭಾಷಿ ಬೇಕು,” ಎಂದರು. ಶಾಲೆಯ ಸಂದರ್ಶನಕ್ಕೆ ಎರಡು ವಾರ ಇತ್ತು. ತಕ್ಷಣ ನಿಜ ಹೇಳುವುದು ಧರ್ಮ. ನಾನು ಅದರ ಬದಲು, ಎರಡು ವಾರದಲ್ಲಿ ಕನ್ನಡವನ್ನು ಗುಟ್ಟಾಗಿ ಇಂಗ್ಲಿಷ್ ಮಾಡಿಬಿಡಲು ನಿರ್ಧರಿಸಿದೆ. ಮರುದಿನ, “ಕಮ್ ಹಿಯರ್, ಸಿಟ್ ಡೌನ್” ಎಂದಾಗ ಯಾನ್‌ಯಾನ್ ನನ್ನ ಹಣೆ ಮುಟ್ಟಿ ನೋಡಿ, “ಚಿಕ್ಕಿ, ಜ್ವರವಾ? ಸಮಾ ಮಾತಾಡಿ,” ಎಂದಳು.

ಸಂದರ್ಶನಕ್ಕೆ ನಾನೇ ಜೊತೆಗೆ ಹೋದೆ. ಹೆಡ್‌ಮಿಸ್ ವಯಸ್ಸಾದ ಬ್ರಿಟಿಷ್ ಹೆಂಗಸು. ಹೆಸರು ಕೇಳಿದರು. ಅಷ್ಟು ನಾನು ಕಲಿಸಿದ್ದೆ. “ಯಾನ್‌ಯಾನ್,” ಎಂದ ಮಗು ಮರ್ಯಾದೆಯಿಂದ, “ನಿಮ್ಮ ಹೆಸರೆಂತ? ಊಟ ಆಯ್ತಾ?” ಎಂದು ಸೇರಿಸಿತು. ಅವರು ಕೊಡೆಯ ಚಿತ್ರ ತೋರಿಸಿದರು. “ಕೊಡೆ.” ಮೀನಿನ ಚಿತ್ರ ತೋರಿಸಿದರು. ಮಗು ಬಗ್ಗಿ ನೋಡಿ, “ಬಂಗಡೆ,” ಎಂದಿತು. ಮತ್ತೆ ನೋಡಿ, ನನ್ನತ್ತ ತಿರುಗಿ, “ಅಲ್ಲ ಚಿಕ್ಕಿ, ಬೈಗೆ,” ಎಂದು ಬೂತಾಯಿಯ ನಮ್ಮೂರ ಹೆಸರು ಹೇಳಿ ತಿದ್ದಿಕೊಂಡಿತು. ಶುಫೆನ್‌ಳ ಮುಖ ಹಿಗ್ಗಿನಿಂದ ಕೆಂಪಾಗಿತ್ತು. ಮಗಳು ಒಂದಕ್ಕೂ ತಡವರಿಸಲಿಲ್ಲವಲ್ಲ!

ಹೆಡ್‌ಮಿಸ್ ಕನ್ನಡಕ ತೆಗೆದು ಹೇಳಿದರು, ಮಗು ಬಹಳ ಚುರುಕು, ಆದರೆ ಇಂಗ್ಲಿಷ್ ಒಂದು ಮಾತೂ ಇಲ್ಲ. ಕಲಿತು ಸೆಪ್ಟೆಂಬರಿನಲ್ಲಿ ಬರಲಿ, ಮತ್ತೊಮ್ಮೆ ನೋಡೋಣ. ಎದ್ದು ನಿಂತಾಗ ನನ್ನ ಕೈ ಕುಲುಕಿ, “ಚೈನೀಸ್ ಭಾಷೆ ಇಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ,” ಎಂದರು. “ಯೆಸ್ ಮೇಡಂ,” ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ನಾಚಿಕೆಗೇಡಿನ ಎರಡು ಶಬ್ದ ನಾನು ಆಡಿಲ್ಲ.

‘ನೋ’ ಎಂಬುದು ಶುಫೆನ್‌ಗೆ ಅರ್ಥವಾಗಿತ್ತು. ಟ್ಯಾಕ್ಸಿಯಲ್ಲಿ ಕೂತ ಮೇಲೆ ಕೇಳಿದಳು, “ಅಕ್ಕ, ಯಾಕೆ ನೋ? ಯಾನ್‌ಯಾನ್ ಎಲ್ಲ ಹೇಳಿದ್ದು ಸರಿ.”

ನಿಜವನ್ನು ಹೇಳಲು ನಮ್ಮಿಬ್ಬರ ನಡುವೆ ಇದ್ದದ್ದು ಅದೊಂದೇ ಭಾಷೆ. “ಶುಫೆನ್, ಇದು ಇಂಗ್ಲಿಷ್ ಅಲ್ಲ.”

“ಯಾವುದು?”

“ಈಗ ನಾವು ಮಾತಾಡೂದು. ಇದು ಕನ್ನಡ. ನಮ್ಮೂರ ಭಾಷೆ.”

ಅವಳು ಒಂದೊಂದಾಗಿ ಕೇಳಿದಳು. “ಅಬ್ಬಾಸ್?”

“ಅವರೂ ನಮ್ಮ ಕಡೆಯವರು.”

“ಟೈಲರ್?”

“ಅವರೂ.”

“ಹಾಂಗಾರೆ ಇಂಗ್ಲಿಷ್ ಎಲ್ಲಿ?” ಎಂದಳು. ಅವಳು ಕಿಟಕಿಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ನಗುತ್ತಿರಬೇಕು ಎಂದು ನಾನು ಆಸೆಪಟ್ಟೆ. ನಗುತ್ತಿರಲಿಲ್ಲ.

ಎಂಟು ದಿನ ಎದುರು ಬಾಗಿಲು ತೆರೆಯಲಿಲ್ಲ. ತಟ್ಟಿದರೆ ಒಳಗಿನಿಂದ ಯಾನ್‌ಯಾನ್, “ಚಿಕ್ಕಿ, ಅಮ್ಮನಿಗೆ ಸಿಟ್ಟು. ನಂಗೆ ಬಪ್ಪುಕಾತಿಲ್ಲ, ಹೊರಗೆ ಬಿಡೂದಿಲ್ಲ,” ಎಂದು ಪಿಸುಗುಟ್ಟುತ್ತಿದ್ದಳು. ಪಾಯಸ ಮಾಡಿ ಬಾಗಿಲ ಬಳಿ ಇಟ್ಟೆ. ಪಾತ್ರೆ ಹಾಗೆಯೇ ಉಳಿಯಿತು. ಬೆಂಡೆಕಾಯಿಯೊಂದಿಗೆ ಮಾತಾಡಲು ಹೋದೆ, ಅದೂ ರುಚಿಸಲಿಲ್ಲ. ಹೊಸ ಊರಿನಲ್ಲಿ ಅವಳು ಕಷ್ಟಪಟ್ಟು ಒಂದು ನೆಲ ಕಟ್ಟಿಕೊಂಡಿದ್ದಳು. ಅದರ ಕೆಳಗಿನ ಮರಳನ್ನು ತೋರಿಸಿದವಳು ನಾನು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳೇ ಬಂದಳು. ಕೈಯಲ್ಲಿ ಹೊಸ ನೋಟ್‌ಬುಕ್ ಇತ್ತು. “ಅಕ್ಕ, ಎಂಟು ದಿನ ಮಾತಿಲ್ಲ. ಬಾಯಿ ನೋವು,” ಎಂದಳು. ನನಗೆ ಅಳು ಬಂತು, ಅವಳು ಅದಕ್ಕೆ ಸಮಯ ಕೊಡಲಿಲ್ಲ. “ಬೆಳಿಗ್ಗೆ ಇಂಗ್ಲಿಷ್ ಮಾತ್ರ. ಸುಳ್ಳು ಬ್ಯಾಡ. ಮಧ್ಯಾಹ್ನ ಕನ್ನಡ.” ಬೆರಳೆತ್ತಿ ಎಚ್ಚರಿಸಿದಳು.

ಆ ಬೇಸಿಗೆಯಲ್ಲಿ ನನಗೆ ನನ್ನ ಇಂಗ್ಲಿಷಿನ ಪರಿಚಯವಾಯಿತು. ಒಂಬತ್ತಕ್ಕೆ ಶುರುವಾದರೆ ಒಂಬತ್ತು ಇಪ್ಪತ್ತಕ್ಕೆ ಊರಿನಲ್ಲಿ ನಾನು ಮಾಡಿದ ಬಿ.ಎ.ಯ ದಾಸ್ತಾನು ಮುಗಿಯುತ್ತಿತ್ತು. ಒಗ್ಗರಣೆ, ತುರಿಮಣೆ, ಸೀದುಹೋಗುವುದು, ಯಾವುದಕ್ಕೂ ಶಬ್ದವಿಲ್ಲ. ನಾನು ಬಾಯಿ ತಪ್ಪಿ ‘ಅಯ್ಯೋ’ ಎಂದರೆ ಶುಫೆನ್ ಸೌಟಿನಿಂದ ಕಟ್ಟೆ ಕುಟ್ಟುತ್ತಿದ್ದಳು. ಕೊನೆಗೆ ಪೇಪರನ್ನು ಮೊದಲ ಪುಟದಿಂದ ಓದುವುದು ಅನಿವಾರ್ಯವಾಯಿತು. ನಾನು ಒಂದು ಪಾಠ ಮುಂದೆ, ಅವರಿಬ್ಬರು ಒಂದು ಪಾಠ ಹಿಂದೆ. ಜುಲೈ ಹೊತ್ತಿಗೆ ಯಾನ್‌ಯಾನ್ ಮೀನಿನ ಚಿತ್ರಕ್ಕೆ ‘ಫಿಶ್’ ಎನ್ನಲು ಒಪ್ಪಿದಳು; ಯಾವ ಮೀನು ಎಂದು ಹೇಳದ ಭಾಷೆ ಎಂಥ ಭಾಷೆ ಎಂಬ ತಿರಸ್ಕಾರ ಮಾತ್ರ ಮುಖದಲ್ಲಿ ಉಳಿದಿತ್ತು.

ಸೆಪ್ಟೆಂಬರಿನ ಪರೀಕ್ಷೆ ನಡೆಯಲಿಲ್ಲ. ಆಗಸ್ಟಿನ ಆರಂಭದ ಒಂದು ಬೆಳಿಗ್ಗೆ ಇರಾಕಿನ ಸೈನ್ಯ ಊರೊಳಗೆ ಬಂದಿತ್ತು. ಶಾಲೆ, ಹೋಟೆಲು, ವರ್ಕ್‌ಶಾಪು ಎಲ್ಲ ಮುಚ್ಚಿದವು. ಮುಂದಿನ ಮೂರು ವಾರ ಎರಡೂ ಮನೆಯ ಬಾಗಿಲು ತೆರೆದೇ ಇತ್ತು, ಅಡುಗೆ ಒಂದೇ ಒಲೆಯಲ್ಲಿ. ಗಂಡಸರು ಇಡೀ ದಿನ ರೇಡಿಯೋದ ಮುಂದೆ ಕೂತು, ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರಿಗೆ ವಿವರಿಸುತ್ತಿದ್ದರು. ಶುಫೆನ್ ಮಾತ್ರ ಪಾಠ ನಿಲ್ಲಿಸಲು ಬಿಡಲಿಲ್ಲ. ಟ್ಯಾಂಕು ಹೋಗುವ ಸದ್ದಿಗೆ ಗಾಜು ಅದುರುವಾಗ ನಾವು ಮೂವರೂ ಒಟ್ಟಾಗಿ ‘ದಿಸ್ ಈಸ್ ಎ ಟೇಬಲ್’ ಎಂದು ಗಟ್ಟಿಯಾಗಿ ಓದುತ್ತಿದ್ದೆವು.

ಚೀನಾದವರನ್ನು ಕರೆದೊಯ್ಯುವ ಬಸ್ಸು ನಮ್ಮದಕ್ಕಿಂತ ಮೊದಲು ಬಂತು. ಬಾಗ್ದಾದಿನ ಮೂಲಕ ಜೋರ್ಡಾನಿಗೆ, ಅಲ್ಲಿಂದ ವಿಮಾನ. ಕೆಲವು ವಾರದ ನಂತರ ನಾವೂ ಅದೇ ದಾರಿಯಲ್ಲಿ ಊರು ಸೇರಿದೆವು. ಮರುವರ್ಷ ಯುದ್ಧ ಮುಗಿದು ನಾವು ವಾಪಸ್ ಬಂದಾಗ, ಹೋಟೆಲಿನ ಯಜಮಾನರು ಹೇಳಿದರು: ಅವರು ಕ್ಷೇಮವಾಗಿ ತಲುಪಿದ್ದಾರೆ, ಗಂಡ ತನ್ನೂರಿನಲ್ಲೇ ಅಂಗಡಿ ತೆರೆದಿದ್ದಾನೆ, ಮಗಳು ಶಾಲೆಗೆ ಹೋಗುತ್ತಿದ್ದಾಳೆ.

ಆದರೆ ಹೊರಟ ದಿನ ಇದೊಂದೂ ನಮಗೆ ತಿಳಿದಿರಲಿಲ್ಲ. ಗಂಡ ಕೆಳಗಿನಿಂದ ಕೂಗುತ್ತಿದ್ದ. ಶುಫೆನ್ ನಾಲ್ಕು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದಳು. ನನ್ನ ಎರಡೂ ಕೈ ಹಿಡಿದು ಮಾತಾಡತೊಡಗಿದಳು, ತನ್ನ ಭಾಷೆಯಲ್ಲಿ. ಅಷ್ಟು ತಿಂಗಳಲ್ಲಿ ಅವಳು ನನ್ನೊಡನೆ ಅದನ್ನು ಆಡಿದ್ದು ಅದೇ ಮೊದಲು. ಕನ್ನಡದಲ್ಲಿ ಅವಳು ತಡವರಿಸುವ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಈಗ ನನ್ನೆದುರು ನಿಂತಿದ್ದವಳು ಬೇರೆಯವಳು. ಮಾತು ಹೊಳೆಯಂತೆ ಹರಿಯಿತು, ಏರಿತು, ಇಳಿಯಿತು, ನಡುವೆ ನಕ್ಕಳು, ಅತ್ತಳು, ನಮ್ಮ ಅಡುಗೆಮನೆಯತ್ತ ಕೈ ತೋರಿ ಏನನ್ನೋ ಬೈದಳು. ಎರಡು ನಿಮಿಷವಾದರೂ ಆಗಿರಬೇಕು. ಮಾತು ನಿಂತಾಗ ನಾನು ಯಾನ್‌ಯಾನ್‌ಳನ್ನು ಕೇಳಿದೆ, “ಅಮ್ಮ ಎಂತ ಹೇಳಿದ್ದು?”

ಅವಳು ಬೆನ್ನಚೀಲ ಸರಿಮಾಡಿಕೊಂಡು, “ಹುಷಾರಂತೆ,” ಎಂದಳು. ಇಳಿದು ಹೋದಳು.

ಬಸ್ಸು ತಿರುವು ದಾಟುವವರೆಗೆ ಬಾಲ್ಕನಿಯಲ್ಲಿ ನಿಂತಿದ್ದು ಒಳಗೆ ಬಂದೆ. ನಮ್ಮವರು ಗಂಜಿ ಬಡಿಸಿಕೊಂಡು ಕೂತಿದ್ದರು. “ಅಷ್ಟು ಹೊತ್ತು ಎಂತ ಹೇಳಿದ್ದು ಅವಳು?” ಎಂದು ಕೇಳಿದರು. ನಾನು ಹೇಳತೊಡಗಿದೆ. ಬಂದ ಹೊಸದರಲ್ಲಿ ಅವಳು ಎಷ್ಟು ಹೆದರಿದ್ದಳು, ನನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು, ಅದು ಹೇಗೆ ಇಳಿಯಿತು, ನನ್ನ ಸಾರು ನಿಜಕ್ಕೂ ಅವಳಿಗೆ ಹಿಡಿಸಿರಲಿಲ್ಲ, ನಾನು ಒಬ್ಬಳೇ ಇದ್ದು ಕೊರಗಬಾರದು, ದೇವರು ಕೊಟ್ಟಾಗ ಮಕ್ಕಳಾಗುತ್ತವೆ, ಹೀಗೆ ಒಂದೊಂದನ್ನೂ ಬಿಡಿಸಿ ಹೇಳಿದೆ. ಗಂಜಿ ಆರಿಹೋಯಿತು.

ಎಲ್ಲ ಕೇಳಿ ಮುಗಿಸಿ ಅವರು ನನ್ನ ಮುಖ ನೋಡಿದರು.

“ಅಲ್ಲ ಮಾರಾಯ್ತಿ,” ಎಂದರು, “ನಿಂಗೆ ಚೈನೀಸ್ ಯಾವಾಗ ಬಂತು?”