ಸಿಸ್ಟರ್ ಕೊಟ್ಟಿಗೆಯಲ್ಲಿ ಎರಡನೇ ಹೆರಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಆಗಲೇ ಹಿಂಬಾಗಿಲು ತೆರೆದುಕೊಳ್ಳುತ್ತದೆ. ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಬಿಗಿದ ಪ್ಲಾಸ್ಟಿಕ್ ಏಪ್ರನ್, ಕೈಯಲ್ಲಿ ಟಾರ್ಚು. ಸಿಸ್ಟರ್ ರೌಂಡ್ಸಿಗೆ ಹೊರಟಿದ್ದಾರೆ. ಕೊಟ್ಟಿಗೆಯ ಅರ್ಧಬಾಗಿಲ ಮೇಲೆ ಮೊಣಕೈ ಊರಿ ಒಳಗೆ ಬಗ್ಗಿ ನೋಡುತ್ತಾರೆ. "ಏನಮ್ಮಾ, ನಿದ್ದೆ ಬಂತಾ? ನೋವು ಶುರು ಆಯ್ತಾ?" ಒಳಗಿರುವ ಕಪ್ಪು ಬಿಳುಪು ಹಸು ತಲೆ ಎತ್ತಿ ಅವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಮುಖ ತಿರುಗಿಸುತ್ತದೆ.

ಆ ನೋಟಕ್ಕೇ ಅದಕ್ಕೆ ಮೇಟ್ರನ್ ಅಂತ ಹೆಸರು ಬಿದ್ದಿರುವುದು. "ನಮ್ಮ ವಾರ್ಡಿನಲ್ಲಿ ಒಬ್ಬ ಮೇಟ್ರನ್ ಇದ್ದರು. ಮಂಚದ ಚಾದರ ಎಷ್ಟು ನೀಟಾಗಿ ಹಾಸಿದ್ರೂ ಹೀಗೇ ನೋಡಿ ಹೋಗ್ತಿದ್ದರು. ಅವರು ರಿಟೈರ್ ಆದಾಗ ಬಚಾವಾದೆ ಅಂದ್ಕೊಂಡಿದ್ದೆ. ನೋಡಿ, ಹಿತ್ತಲಿಗೇ ಬಂದು ಕೂತಿದ್ದಾರೆ" ಎಂದು ಸಿಸ್ಟರ್ ನಗುತ್ತಾರೆ. ನಗುತ್ತಲೇ ಟಾರ್ಚಿನ ಬೆಳಕು ಬಾಲದ ಬುಡಕ್ಕೆ ಹರಿಯುತ್ತದೆ. ಅಲ್ಲಿ ಎರಡೂ ಬದಿ ಸಡಿಲವಾಗಿ ಕುಸಿದಿದೆ. ಕೆಚ್ಚಲು ಬಿಗಿದು ಮಿರಿಮಿರಿ ಮಿಂಚುತ್ತಿದೆ. ಸಿಸ್ಟರ್ ನಗು ನಿಲ್ಲುತ್ತದೆ. "ಇವತ್ತೇ" ಅನ್ನುತ್ತಾರೆ, ಯಾರಿಗೂ ಅಲ್ಲ, ತಮಗೆ ತಾವೇ.

ಸಿಸ್ಟರ್ ಎಂದರೆ ಈ ಬೀದಿಗೆಲ್ಲ ಗೊತ್ತು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಸೇರಿದವರು ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ಹೊರಬಂದರು. ಇವತ್ತು ಇದೇ ಬೀದಿಯಲ್ಲಿ ಬೈಕ್ ಏರಿ ಗುರುಗುಟ್ಟಿಸುತ್ತಾ ಹೋಗುವ ಎಷ್ಟು ಮಂದಿ ಮೀಸೆ ಹೊತ್ತ ಗಂಡಸರಿಗೆ ಮೊದಲ ಸ್ನಾನ ಮಾಡಿಸಿದ್ದು ಈ ಕೈಗಳು! ಸಿಸ್ಟರ್ ಎದುರಿಗೆ ಸಿಕ್ಕಿದರೆ ಆ ಗಂಡಸರು ಈಗಲೂ ವೇಗ ತಗ್ಗಿಸುತ್ತಾರೆ. ಯಾವ ಹೊತ್ತಿಗೆ ಸಿಸ್ಟರ್ ಯಾವ ಕಥೆ ಎತ್ತುತ್ತಾರೋ ಎಂಬ ಭಯ ಇದ್ದೇ ಇರುತ್ತದಲ್ಲ.

ಅಂಥವರು ನಿವೃತ್ತರಾದರು. ಕಾಲ ಮೇಲೆ ಕಾಲು ಹಾಕಿ ಕೂತು ಟೀವಿ ನೋಡಿ ಅಂತ ಎಲ್ಲರೂ ಹೇಳಿದರು. ಪಾಪ, ಪ್ರಯತ್ನವನ್ನೂ ಪಟ್ಟರು. ಡ್ಯೂಟಿಯ ಹೊತ್ತಿಗೆ ಸರಿಯಾಗಿ ಎಚ್ಚರ ಆಗುತ್ತಿತ್ತು, ಎದ್ದು ಏನು ಮಾಡುವುದು? ಮನೆಯ ಪಾತ್ರೆಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿದರು. ಕಿಟಕಿ ಪರದೆಗಳನ್ನು ವಾರಕ್ಕೆರಡು ಸಲ ಒಗೆದರು. ಆಮೇಲೆ ಕೈ ತೊಳೆದುಕೊಂಡು ಗಂಡನ ಹಿಂದೆ ಬಿದ್ದರು. "ಹೊತ್ತು ಹೊತ್ತಿಗೂ ಬಿಪಿ ನೋಡೋಳು. ನೋಡಿ ನೋಡೀನೇ ಬಿಪಿ ಏರ್ತು ಸ್ವಾಮಿ!" ಎಂದು ಗಂಡ ಹೇಳುತ್ತಾರೆ. ಅವರು ಟೈಲರ್. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದ್ದಾರೆ. ಹೊಲಿಗೆ ಯಂತ್ರ ಈಗ ಪಡಸಾಲೆಯಲ್ಲಿದೆ, ಅಂಗಡಿಯ ಕೋಣೆಯಲ್ಲಿ ಒಣಹುಲ್ಲು, ಹಿಂಡಿ, ಬೂಸಾ ತುಂಬಿದೆ.

ಇದು ಹೀಗಾಗಿದ್ದು ಬೀದಿಯ ಕೊನೆಯ ಹಾಲಿನಜ್ಜನಿಂದ. ಸೊಂಟ ಹಿಡಿದುಕೊಂಡ ಮೇಲೆ ಅಜ್ಜ ಒಂದೊಂದಾಗಿ ಹಸುಗಳನ್ನು ಕೊಡುತ್ತಾ ಬಂದಿದ್ದ. ಕೊನೆಗೆ ಉಳಿದದ್ದು ತುಂಬು ಗಬ್ಬದ ಒಂದು ಹಸು, ಇದೇ ಮೇಟ್ರನ್. ಸೊಂಟನೋವಿಗೆ ಮುಲಾಮು ಹಚ್ಚಿಕೊಡಲು ಹೋದ ಸಿಸ್ಟರ್ ಆ ಹಸುವಿನ ಹೊಟ್ಟೆ ಮೇಲೆ ಕೈಯಿಟ್ಟರು. ಒಳಗಿಂದ ಕರು ಒಮ್ಮೆ ಒದ್ದಿತು. ಮುಗಿಯಿತಲ್ಲ ಕಥೆ! "ಮನೆಗೆ ಬಂದು ಇವರಿಗೆ ಹೇಳ್ದೆ, ರೀ, ಹಸು ಕಟ್ತೀನಿ ಅಂತ. ಇವರು ಹುಚ್ಚು ಹಿಡೀತಾ ಅಂದರು. ಹೌದು ಅಂದೆ." ಮಂಡಿನೋವು, ವಯಸ್ಸು, ಸಗಣಿ ವಾಸನೆ, ಅಕ್ಕಪಕ್ಕದವರು ಎಂದು ಮಗಳು ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಸೊಪ್ಪೇ ಹಾಕಲಿಲ್ಲ. ಹೆರಿಗೆ ಮಾಡಿಸಿ ಮಾಡಿಸಿ ಕೈ ಪಳಗಿದವರಿಗೆ ಒಂದು ಹಸುವಿನ ಹೆರಿಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡರು.

ಅಲ್ಲೇ ಎಡವಟ್ಟಾಗಿದ್ದು.

ಹೋದ ವರ್ಷ ಮೇಟ್ರನ್ ಚೊಚ್ಚಲ ಕರು ಹಾಕಿತು. ಕರು ನೆಲಕ್ಕೆ ಬಿದ್ದದ್ದೇ ತಡ, ಸಿಸ್ಟರ್ ಅದನ್ನು ಟವೆಲಿನಲ್ಲಿ ಸುತ್ತಿ, ಟೈಲರ್ ಕೈಯಲ್ಲಿ ಹಿಂಗಾಲು ಹಿಡಿಸಿ, ಸೀದಾ ಬಚ್ಚಲಿಗೆ ಹೊತ್ತುಕೊಂಡು ಹೋದರು. ಬಿಸಿನೀರು ಕಾದೇ ಇತ್ತು. ಎಳೆ ಮಕ್ಕಳ ಸೋಪು ತಂದಿಟ್ಟಿದ್ದರು. ಲೋಳೆಯೆಲ್ಲ ಹೋಗುವಂತೆ ತಿಕ್ಕಿ ತೊಳೆದು, ಒರೆಸಿ, ಪೌಡರು ಹಚ್ಚಿ, ಟೈಲರ್ ಹೊಲಿದ ಫ್ಲಾನೆಲ್ ಅಂಗಿ ತೊಡಿಸಿದರು. ಆಮೇಲೆ ಜಂಬದಿಂದ ಎತ್ತಿಕೊಂಡು ಬಂದು ತಾಯಿಯ ಮುಂದೆ ಇಟ್ಟರು. ವಾರ್ಡಿನಲ್ಲಿ ಬಾಣಂತಿಯ ಮಗ್ಗುಲಿಗೆ ಮಗುವನ್ನು ಮಲಗಿಸುತ್ತಿದ್ದರಲ್ಲ, ಥೇಟ್ ಹಾಗೆ.

ಮೇಟ್ರನ್ ಮೂಸಿ ನೋಡಿತು. ಸೋಪು ಘಮ್ಮೆಂದಿತು. ಹಿಂದಕ್ಕೆ ಸರಿದು ಕರುವಿಗೆ ಒಂದು ಒದೆ ಕೊಟ್ಟಿತು. ಮತ್ತೆ ಹತ್ತಿರ ಬಿಟ್ಟರೆ ಕೊಂಬು ತಗ್ಗಿಸಿತು. ಕೂಗು ಕೇಳಿ ಸೊಂಟ ಹಿಡಿದುಕೊಂಡೇ ಓಡಿ ಬಂದ ಹಾಲಿನಜ್ಜ ಕರುವಿನ ಅಂಗಿ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ ತಾಯಿ, ತೊಳ್ದುಬಿಟ್ರಾ? ನೆಕ್ಕೀ ನೆಕ್ಕೀನೇ ಅಲ್ವಾ ಅದು ತನ್ನ ಮಗು ಅಂತ ತಿಳ್ಕೊಳ್ಳೋದು! ಈಗ ಅದಕ್ಕೆ ಇದು ಯಾರ ಮನೆ ಕರುವೋ!"

ನೆಕ್ಕಲಿ ಎಂದು ಕರುವಿನ ಮೈಗೆ ಉಪ್ಪು ಸವರಿದರು, ಬೂಸಾ ಉದುರಿಸಿದರು, ಮೇಟ್ರನ್ ಮನಸ್ಸು ಕರಗಲಿಲ್ಲ. ಕರುವಿಗೆ ಸಿಸ್ಟರೇ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದರು. ಆದರೆ ಹಸು ಹಾಲನ್ನು ಬಿಗಿಹಿಡಿದು, ಕೆಚ್ಚಲು ಕಲ್ಲಾಗಿ, ಒಂದು ಮೊಲೆ ಕೆಟ್ಟೇ ಹೋಯಿತು. ಆ ದಿನಗಳ ಬಗ್ಗೆ ಮಾತಾಡುವಾಗ ಸಿಸ್ಟರ್ ಈಗಲೂ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಾರೆ. "ತಾಯಿ ಮಗೂನ ಸೇರಿಸೋದೇ ನನ್ನ ಕೆಲಸ ಆಗಿತ್ತು. ಜೀವಮಾನ ಪೂರ್ತಿ ಅದನ್ನೇ ಮಾಡ್ದೆ. ಇಲ್ಲಿ ನಾನೇ ಮಧ್ಯೆ ಬಂದು ಬಿಡಿಸಿಬಿಟ್ಟೆ. ಬೈಯೋಕೆ ಅದಕ್ಕೆ ಬಾಯಿ ಇಲ್ಲ ನೋಡಿ, ಅದೇ ಸಂಕಟ."

ಹಾಗಂತ ಕೈಚೆಲ್ಲಲಿಲ್ಲ. ಮೂರೇ ಮೊಲೆಯ ಹಾಲು ಕರೆದು, ಅಕ್ಕಪಕ್ಕದ ಏಳೆಂಟು ಮನೆಗೆ ಕೊಟ್ಟರು. ಬೆಳಗ್ಗೆ ಕೊಟ್ಟಿಗೆ ತೊಳೆದು, ಮೇವು ಹಾಕಿ, ಹಾಲು ಕರೆದು, ಕ್ಯಾನು ಹಿಡಿದು ಬೀದಿ ಸುತ್ತಿ, ಮಧ್ಯಾಹ್ನ ಹುಲ್ಲು ತಂದು, ಸಂಜೆ ಮತ್ತೆ ಅದೇ. ಸಗಣಿಯನ್ನು ಸಸಿ ಮಾರುವವನು ಬಂದು ಒಯ್ಯುತ್ತಾನೆ. ಬಾಟಲಿಯಲ್ಲಿ ಬೆಳೆದ ಆ ಕರು ಈಗ ಎದೆಮಟ್ಟಕ್ಕೆ ಬಂದಿದೆ, ಆದರೆ ತಾನು ಹಸುವಿನ ಜಾತಿ ಎಂಬುದೇ ಅದಕ್ಕೆ ಮರೆತುಹೋಗಿದೆ. ಅಡುಗೆಮನೆ ಬಾಗಿಲಲ್ಲಿ ಮಲಗುತ್ತದೆ, ಸಿಸ್ಟರ್ ಅಂಗಡಿಗೆ ಹೊರಟರೆ ಗೇಟಿನವರೆಗೂ ಹೋಗಿ ಅರಚುತ್ತದೆ. "ನನ್ನನ್ನೂ ಇಷ್ಟು ಮುದ್ದು ಮಾಡಿರಲಿಲ್ಲ ನಮ್ಮಮ್ಮ" ಎಂದು ಮಗಳು ಮೂತಿ ಉಬ್ಬಿಸುತ್ತಾಳೆ.

ಮಗಳು ಊರಿನ ಇನ್ನೊಂದು ತುದಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತಾಳೆ. ಹೋದ ತಿಂಗಳು ಅಮ್ಮ ಒದ್ದೆ ನೆಲದಲ್ಲಿ ಜಾರಿ ಬಿದ್ದ ಮೇಲೆ ಅವಳು ಪಟ್ಟು ಹಿಡಿದಳು. ಡೇರಿಯವನೊಬ್ಬನ ಹತ್ತಿರ ಮಾತಾಡಿಯೂ ಬಂದಳು. ಅಮ್ಮ ಮಗಳು ಜಗಳವಾಡಿ, ಅತ್ತು, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಈ ಸಲ ಮೇಟ್ರನ್ ತನ್ನ ಕರುವನ್ನು ಸೇರಿಸಿಕೊಂಡರೆ ಕೊಟ್ಟಿಗೆ ಇರುತ್ತದೆ. ಸೇರಿಸಿಕೊಳ್ಳದಿದ್ದರೆ ಮಗಳು ಒಂದು ಫೋನ್ ಮಾಡುತ್ತಾಳೆ, ಡೇರಿಯವನು ಅವತ್ತೇ ಗಾಡಿ ತಂದು ಎಲ್ಲವನ್ನೂ ಏರಿಸಿಕೊಂಡು ಹೋಗುತ್ತಾನೆ. "ಇನ್ನೊಂದು ಕರೂಗೆ ಬಾಟಲಿ ಹಿಡಿಯೋ ಶಕ್ತಿ ನನಗೂ ಇಲ್ಲ, ಅದು ಸುಳ್ಳಲ್ಲ. ಅದಕ್ಕೇ ಒಪ್ಕೊಂಡೆ" ಎನ್ನುತ್ತಾರೆ ಸಿಸ್ಟರ್. ದಿನ ಹತ್ತಿರ ಬಂತೆಂದು ಮಗಳು ನಿನ್ನೆಯೇ ಬಂದಿಳಿದಿದ್ದಾಳೆ.

ದನದ ಡಾಕ್ಟರು ಖಡಕ್ಕಾಗಿ ಹೇಳಿ ಹೋಗಿದ್ದಾರೆ. ಕರುವಿನ ಕಾಲು ಕಾಣಿಸಿಕೊಂಡು ಎಷ್ಟು ಹೊತ್ತಾದರೂ ಮುಂದೆ ಬರದಿದ್ದರೆ ನನ್ನನ್ನು ಕರೆಯಿರಿ, ಎಲ್ಲ ಸರಿಯಿದ್ದರೆ ದಯವಿಟ್ಟು ಒಳಗೆ ಹೋಗಬೇಡಿ. ಸಿಸ್ಟರಿಗೆ ಇದಕ್ಕಿಂತ ಕಷ್ಟದ ಡ್ಯೂಟಿಯನ್ನು ಯಾರೂ ಹಾಕಿರಲಿಲ್ಲ.

ಬಿಸಿಲು ಹಿತ್ತಲ ಗೋಡೆ ಮುಟ್ಟುವ ಹೊತ್ತಿಗೆ ಮೇಟ್ರನ್ ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ. ನೀರುಚೀಲ ಒಡೆಯುತ್ತದೆ. ಎರಡು ಪುಟ್ಟ ಗೊರಸು, ಅವುಗಳ ಮೇಲೆ ಒರಗಿದ ಮೂತಿ. "ಸರಿಯಾಗಿದೆ, ಸರಿಯಾಗಿದೆ" ಎಂದು ಸಿಸ್ಟರ್ ಪಿಸುಗುಡುತ್ತಾರೆ. ಹಸು ತಿಣುಕಿದಾಗಲೆಲ್ಲ ಅವರೂ ಉಸಿರು ಬಿಗಿಹಿಡಿಯುತ್ತಾರೆ. "ಹಾಂ, ಇನ್ನೊಂದ್ಸಲ, ಇನ್ನೊಂದೇ ಸಲ, ಜಾಣೆ ನೀನು!" ಹಳೇ ವಾರ್ಡಿನ ದನಿ ತಾನಾಗಿ ಬರುತ್ತದೆ. ಟೈಲರ್ ಹೆಂಡತಿಯ ಏಪ್ರನ್ನಿನ ದಾರವನ್ನು ಹಿಂದಿನಿಂದ ಹಿಡಿದುಕೊಂಡು ನಿಂತಿದ್ದಾರೆ. ಯಾಕೆ ಅಂದರೆ, "ಇವಳನ್ನ ನಂಬೋಕಾಗಲ್ಲ" ಎನ್ನುತ್ತಾರೆ.

ಕರು ಜಾರಿ ಹುಲ್ಲಿನ ಮೇಲೆ ಬೀಳುತ್ತದೆ. ತಲೆ ಕೊಡವಿ ಒಮ್ಮೆ ಸೀನುತ್ತದೆ. ಜೀವ ಇದೆ! ಮೇಟ್ರನ್ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದು, ನಿಧಾನವಾಗಿ ಎದ್ದು ನಿಲ್ಲುತ್ತದೆ. ನಿಂತು, ಕರುವಿನ ಕಡೆ ತಿರುಗಿಯೂ ನೋಡದೆ, ನೇರ ಮೇವಿನ ತೊಟ್ಟಿಗೆ ಹೋಗಿ ಹುಲ್ಲು ಜಗಿಯತೊಡಗುತ್ತದೆ.

ಒದ್ದೆ ಕರು ನಡುಗುತ್ತಿದೆ. ಏಳಲು ಹೋಗಿ ಮುಗ್ಗರಿಸುತ್ತದೆ. ಮೊದಲು ತಡೆಯಲಾಗದೆ ಹೋದದ್ದು ಮಗಳಿಗೆ. "ಅಮ್ಮಾ, ಏನ್ ನೋಡ್ತಾ ನಿಂತಿದೀಯಾ? ಚಳೀಗೆ ಸತ್ತು ಹೋಗುತ್ತೆ. ಟವೆಲ್ ತಗೊಂಡು ಹೋಗಿ ಒರೆಸು!" ಅವಳ ಕೈ ಆಗಲೇ ಚಿಲಕದ ಮೇಲಿದೆ.

ಸಿಸ್ಟರ್ ಆ ಕೈಯನ್ನು ಹಿಡಿದುಕೊಳ್ಳುತ್ತಾರೆ. "ಬೇಡ."

"ನಾನು ಗೆಲ್ಲೋದು ಬೇಡಮ್ಮ ನನಗೆ. ಆ ಕರು ನೋಡು."

"ಅದನ್ನೇ ನೋಡ್ತಿದೀನಿ ಕಣೇ. ನಿನಗಿಂತ ಜಾಸ್ತಿ ನನ್ನ ಕೈ ಒದ್ದಾಡ್ತಿದೆ. ಸುಮ್ನಿರು. ಹೋದ ಸಲ ನಾನು ಅದಕ್ಕೆ ಹೊತ್ತೇ ಕೊಡಲಿಲ್ಲ. ಈ ಸಲ ಕೊಡ್ತೀನಿ."

ಹೇಳುವುದು ಸುಲಭ. ಸಿಸ್ಟರ್ ತುಟಿ ಕಚ್ಚಿಕೊಂಡಿದ್ದಾರೆ, ಕಣ್ಣು ತುಂಬಿ ಕೆನ್ನೆ ಮೇಲೆ ಇಳಿಯುತ್ತಿದೆ, ಒರೆಸಿಕೊಳ್ಳಲೂ ಕೈ ಎತ್ತುತ್ತಿಲ್ಲ. ಮಗಳ ಕೈ ಬಿಟ್ಟರೆ ತಾವೇ ಬಾಗಿಲು ತೆರೆದುಬಿಡುತ್ತಾರೇನೋ. ಮೇಟ್ರನ್ ಮಾತ್ರ ಆರಾಮಾಗಿ ಹುಲ್ಲು ಮೇಯುತ್ತಿದೆ. ಟೈಲರ್ ಏಪ್ರನ್ನಿನ ದಾರವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾರೆ.

ಆಗ ಕರು ಕೂಗುತ್ತದೆ. ಕೂಗೆಂದರೆ ಅಂಥ ಕೂಗೇನಲ್ಲ, ಬಾಗಿಲು ಸಣ್ಣಗೆ ಕಿರುಗುಟ್ಟಿದ ಹಾಗೆ ಒಂದು ಸದ್ದು. ಮೇಟ್ರನ್ ಕಿವಿ ಹಿಂದಕ್ಕೆ ತಿರುಗುತ್ತದೆ. ಜಗಿಯುವುದು ನಿಲ್ಲುತ್ತದೆ. ಕರು ಇನ್ನೊಮ್ಮೆ ಕೂಗುತ್ತದೆ. ಬಾಯಲ್ಲಿ ಹುಲ್ಲು ಜೋಲಾಡುತ್ತಿರುವಂತೆಯೇ ಹಸು ತಿರುಗಿ, ಎರಡು ಹೆಜ್ಜೆ ಬಂದು, ಮೂಸುತ್ತದೆ. ಮೂಸುತ್ತಲೇ ಇರುತ್ತದೆ. ಹಾಲಿನಜ್ಜನ ಮನೆಯಲ್ಲಾಗಲಿ ಈ ಕೊಟ್ಟಿಗೆಯಲ್ಲಾಗಲಿ ಅದು ಯಾವತ್ತೂ ಹೊರಡಿಸದ ಒಂದು ಮೆಲುದನಿ ಹೊಟ್ಟೆಯಾಳದಿಂದ ಹೊರಡುತ್ತದೆ. ಆಮೇಲೆ ನಾಲಿಗೆ ಚಾಚುತ್ತದೆ.

ಮೊದಲು ಮೂತಿ, ಆಮೇಲೆ ಕಿವಿ, ಕತ್ತು, ಬೆನ್ನು. ಎಷ್ಟು ಜೋರಾಗಿ ನೆಕ್ಕುತ್ತದೆ ಎಂದರೆ ಎದ್ದು ನಿಲ್ಲಲು ಹೋದ ಕರು ಮತ್ತೆ ಮತ್ತೆ ಉರುಳಿ ಬೀಳುತ್ತದೆ. ಮಗಳು ಅಳುತ್ತಾ ನಗುತ್ತಿದ್ದಾಳೆ. ಟೈಲರ್ ಏಪ್ರನ್ನಿನ ದಾರ ಬಿಟ್ಟು ಗೋಡೆಗೆ ಒರಗಿ ಕೂತುಬಿಡುತ್ತಾರೆ. ಕೊನೆಗೂ ಕರು ನಾಲ್ಕು ಕಾಲಿನ ಮೇಲೆ ನಿಂತು, ತಡಕಾಡಿ ತಡಕಾಡಿ ಮೊಲೆ ಹುಡುಕುತ್ತದೆ. ಮೊದಲು ಸಿಕ್ಕಿದ್ದು ಬತ್ತಿದ ಮೊಲೆಯೇ. ಚೀಪಿ, ಬಿಟ್ಟು, ಪಕ್ಕದ್ದಕ್ಕೆ ಹೋಗುತ್ತದೆ. ಮೇಟ್ರನ್ ಕಾಲೆತ್ತುತ್ತದೆ. ಆದರೆ ಒದೆಯುವುದಿಲ್ಲ, ಕಾಲು ಸ್ವಲ್ಪ ಅಗಲಿಸಿ ಊರಿ, ಕರುವಿಗೆ ಜಾಗ ಮಾಡಿಕೊಡುತ್ತದೆ. ಗಿಣ್ಣುಹಾಲು ಕರುವಿನ ಮೂತಿಯಿಂದ ತೊಟ್ಟಿಕ್ಕುತ್ತದೆ.

ಮಗಳು ಮೂಗು ಸೊರಗುಟ್ಟಿಸುತ್ತಾ ಫೋನ್ ತೆಗೆಯುತ್ತಾಳೆ. "ಹಲೋ, ಡೇರಿಯವರಾ? ಗಾಡಿ ತರಬೇಡಿ. ಇಲ್ಲ, ಇನ್ಯಾವತ್ತೂ ಬೇಡ. ಕೊಡಲ್ಲ ನಾವು." ಫೋನ್ ಇಟ್ಟು ಅಮ್ಮನ ಕಡೆ ತಿರುಗಿ, "ಆದ್ರೆ ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿಸ್ತೀನಿ. ಅದಕ್ಕೆ ಬೇಡ ಅಂದ್ರೆ ನೋಡು ಮತ್ತೆ" ಎಂದು ಗದರುತ್ತಾಳೆ. ಸಿಸ್ಟರ್ ತಲೆಯಾಡಿಸುತ್ತಾರೆ. ಈಗ ಯಾರು ಏನು ಹೇಳಿದರೂ ತಲೆಯಾಡಿಸುವ ಸ್ಥಿತಿಯಲ್ಲಿದ್ದಾರೆ.

ಮುಂದೇನು ಆಸೆ ಎಂದು ಕೇಳಿದರೆ ದೊಡ್ಡ ಯೋಜನೆಯೇನೂ ಅವರ ಬಾಯಿಂದ ಬರುವುದಿಲ್ಲ. ಹತ್ತು ಹಸು, ಹಾಲಿನ ಮೆಷಿನ್ನು, ಅದೆಲ್ಲ ಬೇಡ. "ಕೈಕಾಲು ಆಡೋವರೆಗೂ ಬೆಳಗ್ಗೆ ಎದ್ದು ಹೋಗೋಕೆ ಒಂದು ಜಾಗ ಇರಬೇಕು. ನಾನು ಬಂದ್ನಾ ಅಂತ ಕತ್ತೆತ್ತಿ ನೋಡೋಕೆ ಅಲ್ಲೊಂದು ಜೀವ ಇರಬೇಕು. ಮುಖ ತಿರುಗಿಸಿದರೂ ಪರವಾಗಿಲ್ಲ" ಎನ್ನುತ್ತಾರೆ.

ಸುದ್ದಿ ತಿಳಿದ ಹಾಲಿನಜ್ಜ ಕೋಲೂರಿಕೊಂಡು ಬರುತ್ತಾನೆ. ಅರ್ಧಬಾಗಿಲ ಮೇಲೆ ಬಗ್ಗಿ, ತಾಯಿಯ ಹೊಟ್ಟೆಗೆ ಅಂಟಿಕೊಂಡು ಮಲಗಿದ ಕರುವನ್ನು ನೋಡಿ, ಹಲ್ಲಿಲ್ಲದ ಬಾಯಿ ಅಗಲಿಸುತ್ತಾನೆ. "ಭಲೇ ತಾಯಿ! ಅದೇನ್ ಮಾಡಿ ಒಪ್ಪಿಸಿದ್ರಿ ಈ ಹಟಮಾರೀನ?"

ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡ ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಅಜ್ಜನ ಮುಂದೆ ಚಾಚಿ ತೋರಿಸುತ್ತಾರೆ.

"ಏನೂ ಮಾಡಲಿಲ್ಲ ಅಜ್ಜ. ಒಂದು ಬೆರಳೂ ತಾಗಿಸಲಿಲ್ಲ."